ಬಿಸಿಯೂಟ ಮುಗಿದ ಮೇಲಿನ ಪೀರಿಯಡ್ಡು

ಟೈಮ್ ಟೇಬಲ್ ಹಾಕುವವರ ಲೆಕ್ಕದಲ್ಲಿ ಚಿತ್ರಕಲೆ ಅಂದರೆ ಮಕ್ಕಳು ತೂಕಡಿಸುವ ಹೊತ್ತಿಗೆ ಸರಿಹೊಂದುವ ವಿಷಯ. ಹಾಗಾಗಿ ಬಿಸಿಯೂಟ ಆದ ಮೇಲಿನ ಪೀರಿಯಡ್ಡು ಎಷ್ಟೋ ವರ್ಷದಿಂದ ನನ್ನದೇ. ಸಮಾಜ ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಎಂಟು, ಒಂಬತ್ತನೇ ಕ್ಲಾಸಿನ ಇತಿಹಾಸವೂ ನನ್ನ ತಲೆಗೇ ಬಂತು. ಈಜಿಪ್ಟ್, ಗ್ರೀಸ್, ರೋಮ್, ಪುನರುಜ್ಜೀವನ, ಫ್ರಾನ್ಸಿನ ಕ್ರಾಂತಿ, ಎಲ್ಲವನ್ನೂ ಹೊಟ್ಟೆ ತುಂಬ ಅನ್ನ ಸಾಂಬಾರು ತಿಂದು ಬಂದ ಮಕ್ಕಳಿಗೆ ಹೇಳಬೇಕು. ನಮ್ಮ ಸ್ಕೂಲು ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ರಸ್ತೆ ಬದಿಯಲ್ಲೇ ಇದೆ. ಕಬ್ಬು ಕಡಿಯುವ ಕಾಲ ಬಂತೆಂದರೆ ಕಿಟಕಿ ಪಕ್ಕದಲ್ಲಿ ಟ್ರಾಕ್ಟರ್ ಮೇಲೆ ಟ್ರಾಕ್ಟರ್. ಯಾವ ಜಲ್ಲೆ ಕೈಗೆ ಎಟುಕುತ್ತದೆ ಅಂತ ಹುಡುಗರ ಕಣ್ಣೆಲ್ಲ ಟ್ರೈಲರಿನ ಮೇಲೇ.

ಇಂಥ ಹೊತ್ತಲ್ಲಿ ಪುಸ್ತಕ ತೆಗೆಯಿರಿ ಅಂದರೆ ಪುಸ್ತಕ ತೆರೆಯುತ್ತದೆ, ಕಣ್ಣು ಮುಚ್ಚುತ್ತದೆ. ಅದಕ್ಕೇ ನಾನು ಮೊದಲ ಏಳೆಂಟು ನಿಮಿಷ ಪುಸ್ತಕ ಮುಟ್ಟಿಸುವುದಿಲ್ಲ. ಪಾಠಕ್ಕೆ ಮುಂಚೆ ಒಂದು ಸಣ್ಣ ಕೆಲಸ ಕೊಡುತ್ತೇನೆ. ದಿನವೂ ಹೊಸದು, ಆದರೆ ಕಟ್ಟಳೆ ಒಂದೇ. ಬೋರ್ಡಿನ ಮೇಲೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಒಂದು ಚಿತ್ರ ಸಿಕ್ಕಿಸುತ್ತೇನೆ. ಪ್ರೊಜೆಕ್ಟರ್ ಇದೆ, ಬಲ್ಬು ಹೋಗಿದೆ, ಅದರ ಕಥೆ ಬೇಡ. ಮಂಡ್ಯದ ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡಿದ್ದೇನೆ. ಚಿತ್ರದ ಹೆಸರು ಹೇಳುವುದಿಲ್ಲ, ಬರೆದವರ ಹೆಸರು ಹೇಳುವುದಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ. ಎರಡು ನಿಮಿಷ ಯಾರೂ ಬಾಯಿ ಬಿಡುವ ಹಾಗಿಲ್ಲ. ಆಮೇಲೆ ಕಂಡದ್ದನ್ನು ಹೇಳಬೇಕು. ಅನ್ನಿಸಿದ್ದು ಆಮೇಲೆ. "ಅವಳು ಬೇಜಾರಾಗವ್ಳೆ" ಅಂದರೆ ನಾನು ಒಪ್ಪುವುದಿಲ್ಲ. ಬೇಜಾರು ಎಲ್ಲಿ ಕಾಣಿಸಿತು ತೋರಿಸು ಅನ್ನುತ್ತೇನೆ. ಆಗ ಮಗು ಎದ್ದು ಬಂದು ಬೆರಳಿಟ್ಟು "ಇಲ್ಲಿ ಮಿಸ್, ರೆಪ್ಪೆ ಕೆಳಗದೆ" ಅನ್ನುತ್ತದೆ. ಅಷ್ಟು ಸಾಕು. ಬರೆಯುವುದಿದ್ದರೆ ರಫ್ ಬುಕ್ಕಿನ ಹಿಂದಿನ ಪುಟದಲ್ಲಿ. ಮಾರ್ಕ್ಸು ಇಲ್ಲ, ಸೈನೂ ಹಾಕುವುದಿಲ್ಲ. ಸೈನ್ ಹಾಕುತ್ತೇನೆ ಅಂದ ಕೂಡಲೇ ಪಕ್ಕದವರ ಪುಟ ನೋಡಲು ಶುರು ಮಾಡುತ್ತಾರೆ.

ಈಜಿಪ್ಟಿನ ದಿನ ಚಿತ್ರಕ್ಕಿಂತ ಮೈಗೇ ಕೆಲಸ ಜಾಸ್ತಿ. ಗೋಡೆಚಿತ್ರದ ಒಬ್ಬ ಮನುಷ್ಯನನ್ನು ತೋರಿಸಿ, ಇವನ ಹಾಗೆಯೇ ನಿಂತುಕೊಳ್ಳಿ ಅನ್ನುತ್ತೇನೆ. ಮುಖ ಪಕ್ಕಕ್ಕೆ, ಆದರೆ ಕಣ್ಣು ಎದುರಿನಿಂದ ನೋಡಿದ ಹಾಗೆ ಪೂರ್ತಿ. ಭುಜ ಎರಡೂ ನಮ್ಮ ಕಡೆಗೆ, ಪಾದ ಎರಡೂ ಮತ್ತೆ ಪಕ್ಕಕ್ಕೆ. ಹುಡುಗರು ಸೊಂಟ ತಿರುಚಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ, ನಿದ್ದೆ ಅಲ್ಲಿಗೇ ಹಾರಿಹೋಗುತ್ತದೆ. ಹೀಗೆ ಯಾರಿಗೂ ನಿಲ್ಲೋಕಾಗಲ್ಲ ಅಂತ ಗೊತ್ತಿದ್ದೂ ಅವರು ಹೀಗೇ ಯಾಕೆ ಬರೆದರು ಅಂತ ಕೇಳಿದರೆ ತಲೆ ಕೆರೆದುಕೊಂಡು ಅವರೇ ಉತ್ತರಕ್ಕೆ ಬರುತ್ತಾರೆ: ಮೂಗು ಪಕ್ಕದಿಂದ ಚೆನ್ನಾಗಿ ಗೊತ್ತಾಗುತ್ತದೆ, ಭುಜ ಎದುರಿನಿಂದ. ಯಾವ ಅಂಗ ಯಾವ ಕಡೆಯಿಂದ ಸ್ಪಷ್ಟವೋ ಆ ಕಡೆಯಿಂದ ಬರೆದು ಜೋಡಿಸಿದ್ದಾರೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ ಅನ್ನುವ ಮಾತು ಆಮೇಲೆ ಕ್ಲಾಸಿನಲ್ಲಿ ಬರುವುದಿಲ್ಲ.

ಮಾರನೇ ದಿನ ನಾರ್ಮರ್ ರಾಜನ ಕಲ್ಲಿನ ಫಲಕ. ಕ್ರಿ.ಪೂ. 3100ರ ಹೊತ್ತಿನದು, ಈಗ ಕೈರೋದಲ್ಲಿದೆ. ರಾಜ ದೊಡ್ಡವನು, ಅವನ ಚಪ್ಪಲಿ ಹಿಡಿದವನು ಚಿಕ್ಕವನು, ಸೋತವರೂ ರಾಜನ ಮುಂದೆ ಚಿಕ್ಕವರು. ದೂರ ಹತ್ತಿರದ ಲೆಕ್ಕವಲ್ಲ ಅದು, ಅಂತಸ್ತಿನ ಲೆಕ್ಕ. ಇದೇ ಲೆಕ್ಕದಲ್ಲಿ ನಮ್ಮ ಸ್ಕೂಲಿನ ಪ್ರೇಯರ್ ಬರೆಯಿರಿ ಅಂದೆ. ಮುಕ್ಕಾಲು ಪಾಲು ಪುಟಗಳಲ್ಲಿ ಹೆಡ್ ಮಾಸ್ಟರು ಧ್ವಜಸ್ತಂಭದಷ್ಟು ಎತ್ತರ. ಒಬ್ಬ ಮಾತ್ರ ಅಡುಗೆ ಅಕ್ಕನನ್ನು ಪುಟದ ತುದಿ ಮುಟ್ಟುವ ಹಾಗೆ ಬರೆದು, ಕೈಗೊಂದು ಸೌಟು ಕೊಟ್ಟು, ನಮ್ಮನ್ನೆಲ್ಲ ಅವರ ಮೊಣಕಾಲಿನ ಹತ್ತಿರ ಇರುವೆ ಸಾಲಿನ ಹಾಗೆ ನಿಲ್ಲಿಸಿದ್ದ. ಹೆಡ್ ಮಾಸ್ಟರೂ ಆ ಸಾಲಿನಲ್ಲೇ. ಆ ಪುಟ ಹರಿದು ನಾನೇ ಇಟ್ಟುಕೊಂಡೆ, ಸ್ಟಾಫ್ ರೂಮಿಗೆ ಹೋಗುವುದು ಬೇಡ ಅಂತ.

ಇವೆಲ್ಲಕ್ಕಿಂತ ಹೆಚ್ಚು ಮಾತು ಹುಟ್ಟಿಸಿದ್ದು ಮೂವರು ಹೆಂಗಸರು ಹೊಲದಲ್ಲಿ ಬಗ್ಗಿರುವ ಚಿತ್ರ. ಫ್ರಾನ್ಸಿನ ಮಿಲೆ ಬರೆದದ್ದು, 1857ರಲ್ಲಿ. ಕ್ಲಿಪ್ಪು ಹಾಕಿ ಹಿಂದೆ ಸರಿದೆ. ಎರಡು ನಿಮಿಷ ಕಾಯಲೂ ಇಲ್ಲ, ಕೊನೇ ಬೆಂಚಿನ ಹುಡುಗಿ ಕೂತಲ್ಲಿಂದಲೇ ಅಂದಳು:

"ಹಕ್ಕಲಾಯ್ತಾವ್ರೆ ಕಣ್ ಮಿಸ್."

ಚಿತ್ರದ ಹೆಸರೂ ಅದೇ, ಹಕ್ಕಲಾಯುವವರು, ಅಂದರೆ ಕೊಯ್ಲಾದ ಹೊಲದಲ್ಲಿ ಉದುರಿ ಉಳಿದ ತೆನೆ ಆಯುವವರು. ನಾನು ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹೆಂಗೆ ಗೊತ್ತಾಯ್ತು ಅಂದೆ. ಎದ್ದು ಬಂದಳು. ಎಡಗಡೆಯ ಹೆಂಗಸು ಒಂದು ಕೈಯನ್ನು ಬೆನ್ನ ಹಿಂದಕ್ಕೆ ಮಡಚಿಕೊಂಡಿರುವುದನ್ನು ತೋರಿಸಿ, "ಆಯ್ದಿದ್ ತೆನೆಯ ಹಿಂದ್ಕೆ ಇಡ್ಕೊಂಡವ್ಳೆ, ಈ ಕೈಲಿ ಆಯ್ತಾವ್ಳೆ. ನಮ್ಮಜ್ಜಿನೂ ಹಿಂಗೇಯ" ಅಂದಳು. ಕ್ಲಾಸೆಲ್ಲ ಮುಂದಕ್ಕೆ ಬಗ್ಗಿತು. ಭತ್ತದ ಗದ್ದೆಯಲ್ಲಿ ಅಜ್ಜಿಯರ ಜೊತೆ ಹೋದವರು ಇನ್ನಿಬ್ಬರು ಸಿಕ್ಕರು. ಈಗ ಕೊಯ್ಯುವ ಮಿಷನ್ನು ಬಂದ ಮೇಲೆ ಅದೆಲ್ಲ ಇಲ್ಲ ಅಂತ ಒಬ್ಬ. ಮಿಷನ್ನಲ್ಲೇ ಜಾಸ್ತಿ ಉದುರೋದು ಕಣ್ಲಾ ಅಂತ ಇನ್ನೊಬ್ಬ. ಅದೇ ಒಂದು ವಾದಕ್ಕೆ ತಿರುಗುವುದರಲ್ಲಿತ್ತು.

ಹಿಂದೆ ಏನಿದೆ ನೋಡಿ ಅಂದೆ. ದೂರದಲ್ಲಿ ಬೆಟ್ಟದಂಥ ಮೆದೆಗಳು, ತುಂಬಿದ ಗಾಡಿ, ಕೊಯ್ಲಿನ ಜನ. ಬಲಗಡೆ ಮೂಲೆಯಲ್ಲಿ ಕುದುರೆ ಮೇಲೆ ಒಬ್ಬ. ಬೆರಳಿನ ಉಗುರಿನಷ್ಟೇ ಇದ್ದಾನೆ, ಪ್ರಿಂಟಿನಲ್ಲಿ ಕಾಣುವುದೇ ಕಷ್ಟ. ಅವನನ್ನು ಹುಡುಕಿದವನು ಟ್ರಾಕ್ಟರ್ ನೋಡುವುದರಲ್ಲೇ ಕಾಲ ಕಳೆಯುವ ಹುಡುಗ. "ಅವ್ನು ಮೇಸ್ತ್ರಿ ಇರ್ಬೇಕು. ನೋಡ್ಕಳಕ್ಕೆ ನಿಂತವ್ನೆ." ಅಷ್ಟೊಂದು ಮೆದೆ ಅಲ್ಲಿದ್ದರೆ ಈ ಮೂವರ ಹತ್ತಿರ ಎಷ್ಟಿದೆ ಅಂದೆ. ಒಂದು ಹಿಡಿ ಅಂದರು. ಮುಂದಿನ ಪಾಠವನ್ನು ನಾನು ಮಾಡಿದ್ದಕ್ಕಿಂತ ಆ ಒಂದು ಹಿಡಿಯೇ ಹೆಚ್ಚು ಮಾಡಿತು. ಪ್ಯಾರಿಸ್ಸಿನಲ್ಲಿ ಈ ಚಿತ್ರ ಪ್ರದರ್ಶನಕ್ಕೆ ಇಟ್ಟಾಗ ಉಳ್ಳವರಿಗೆ ಕಸಿವಿಸಿಯಾಯಿತು, ಬಡವರು ಬೀದಿಗಿಳಿದ 1848ರ ದಂಗೆ ನಡೆದು ಆಗಿನ್ನೂ 9 ವರ್ಷ ಅಷ್ಟೆ ಅಂದಾಗ, ಯಾಕೆ ಅಂತ ಯಾರೂ ಕೇಳಲಿಲ್ಲ. ಬಡ ಹೆಂಗಸರನ್ನು ಇಷ್ಟು ದೊಡ್ಡದಾಗಿ ಬರೆದು ಕುದುರೆಯವನನ್ನು ಅಷ್ಟು ಚಿಕ್ಕದು ಮಾಡಿದ್ದಾನಲ್ಲ, ನಾರ್ಮರ್ ಉಲ್ಟಾ ಅಂತ ಅಡುಗೆ ಅಕ್ಕನ ಚಿತ್ರ ಬರೆದವನು ಅಂದ. ನನಗೆ ಅದು ಹೊಳೆದಿರಲಿಲ್ಲ.

ಕೊನೆಗೆ ಪೆನ್ಸಿಲ್ ತೆಗೆಸಿದೆ. ಹೆಂಗಸರನ್ನು ಬರೆಯಬೇಡಿ, ಆ ಬೆನ್ನಿನ ಗೆರೆ ಮಾತ್ರ, ಕೈ ಎತ್ತದೆ ಒಂದೇ ಎಳೆತದಲ್ಲಿ ಅಂದೆ. ಚಿತ್ರ ಬರಲ್ಲ ಅನ್ನುವ ಮಕ್ಕಳಿಗೆ ಇದು ಬಹಳ ಒಳ್ಳೇದು. ಒಂದು ಗೆರೆ ಯಾರಿಗೂ ಬರುತ್ತದೆ, ಮತ್ತೆ ಆ ಗೆರೆ ಎಲ್ಲಿ ಬಾಗುತ್ತದೆ ಅಂತ ತಿಳಿಯಬೇಕಾದರೆ ದಿಟ್ಟಿಸಿ ನೋಡಲೇಬೇಕು.

ಮೊನಾಲಿಸಾ ಮಾತ್ರ ನಾನು ತರುವುದಿಲ್ಲ. ಸಹೋದ್ಯೋಗಿಯೊಬ್ಬರು ಅದಿಲ್ಲದೆ ಪುನರುಜ್ಜೀವನ ಹೆಂಗೆ ಮೇಡಂ ಅಂತ ಕೇಳಿದರು. ಪಾಠದಲ್ಲಿ ಬರಲಿ, ಬೇಡ ಅನ್ನಲ್ಲ. ಆದರೆ ಬೆಂಕಿಪೊಟ್ಟಣದಿಂದ ಟೀ ಶರ್ಟಿನವರೆಗೆ ನೋಡಿದ ಮುಖವನ್ನು ಯಾವ ಮಗುವೂ ಮತ್ತೆ ನೋಡುವುದಿಲ್ಲ, ಹೆಸರು ಕೂಗಿ ಸುಮ್ಮನಾಗುತ್ತದೆ. ಅದರ ಬದಲು ವಾನ್ ಐಕ್ 1434ರಲ್ಲಿ ಬರೆದ ಗಂಡಹೆಂಡಿರ ಚಿತ್ರ ತರುತ್ತೇನೆ. ಹಿಂದಿನ ಗೋಡೆಯ ದುಂಡು ಕನ್ನಡಿಯಲ್ಲಿ ಇನ್ನೂ ಇಬ್ಬರು ಕಾಣುತ್ತಾರೆ, ಅದರ ಮೇಲೆ ಕಲಾವಿದ ತಾನು ಇಲ್ಲಿದ್ದೆ ಅಂತ ಬರೆದಿದ್ದಾನೆ. ಸೋಮನಾಥಪುರಕ್ಕೆ ಪ್ರವಾಸ ಹೋದಾಗ ಮಕ್ಕಳು ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕಿದ್ದರು. ಹದಿಮೂರನೇ ಶತಮಾನದ ದೇವಸ್ಥಾನ ಅದು, ವಾನ್ ಐಕ್‌ಗಿಂತ ಒಂದೂವರೆ ಶತಮಾನ ಮುಂಚಿನದು. "ನಮ್ಮವ್ರೇ ಫಸ್ಟು" ಅಂದರು. ಇರಲಿ ಬಿಡಿ, ಆ ಖುಷಿಗೂ ಜಾಗ ಬೇಕು.

ಬೆಳಕಿನ ದಿನ ಕಿಟಕಿ ಮುಚ್ಚಿಸುತ್ತೇನೆ. ಜಗನ್ಮೋಹನ ಅರಮನೆಯ ದೀಪದ ಹೆಂಗಸನ್ನು ಮೈಸೂರಿನ ಕಡೆಯ ಎಲ್ಲರೂ ನೋಡಿರುತ್ತಾರೆ. ರವಿವರ್ಮ ಬರೆದದ್ದು ಅಂತ ಎಲ್ಲರೂ ಹೇಳುತ್ತಾರೆ ಕೂಡ. ಅಲ್ಲ, ಎಸ್.ಎಲ್. ಹಲ್ದಂಕರ್ ಅವರ ಜಲವರ್ಣ ಅದು, ರೂಪದರ್ಶಿಯಾಗಿ ನಿಂತವರು ಅವರ ಮಗಳೇ. ಅದರ ಪಕ್ಕಕ್ಕೆ ವಾನ್ ಗೋ 1885ರಲ್ಲಿ ಬರೆದ ಆಲೂಗಡ್ಡೆ ತಿನ್ನುವವರು. ಐದು ಜನ, ತಲೆ ಮೇಲೆ ಒಂದು ತೂಗುದೀಪ, ಗಂಟುಗಂಟು ಬೆರಳು. ಎರಡರಲ್ಲೂ ದೀಪ ಎಲ್ಲಿದೆ, ಎರಡರಲ್ಲೂ ನೆರಳು ಎಲ್ಲಿ ಬಿದ್ದಿದೆ ಅಂತ ಕೇಳುತ್ತೇನೆ. ಆಮೇಲೆ ಒಬ್ಬರನ್ನು ಮುಂದೆ ಕೂರಿಸಿ ನನ್ನ ಮೊಬೈಲ್ ಟಾರ್ಚನ್ನು ಗಲ್ಲದ ಕೆಳಗಿಂದ ಹಿಡಿದರೆ ದೆವ್ವ, ದೆವ್ವ ಅಂತ ಕಿರುಚಾಟ. ಅದೇ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದು ಕೆಂಪಗಾಗಿ ಬೆಳಕು ಮೆತ್ತಗೆ ಮುಖಕ್ಕೆ ಬೀಳುತ್ತದೆ, ಕಿರುಚಾಟ ನಿಂತು ಹೋಗುತ್ತದೆ. ತಲೆ ಮೇಲಿಂದ ಹಿಡಿದರೆ ಕಣ್ಣು ಗುಳಿಗೆ ಹೋಗುತ್ತದೆ, ಕೆನ್ನೆಮೂಳೆ ಏಳುತ್ತದೆ. ನೆಲ ಅಗೆದ ಕೈಯಲ್ಲೇ ಇವರು ತಟ್ಟೆಗೆ ಕೈ ಹಾಕುತ್ತಿದ್ದಾರೆ ಅನ್ನೋದು ಕಾಣಬೇಕು ಅಂತ ವಾನ್ ಗೋ ತಮ್ಮನಿಗೆ ಕಾಗದ ಬರೆದಿದ್ದ. ಈ ಮಾತನ್ನು ಟಾರ್ಚ್ ಆರಿಸಿದ ಮೇಲೆ ಹೇಳಿದರೆ ಒಳ್ಳೇದು.

ಪ್ರತಿದಿನವೂ ಚಿತ್ರವೇ ಇರುವುದಿಲ್ಲ. 1799ರ ದಿನ ನಾಲ್ಕು ಚೀಟಿ ಕೊಡುತ್ತೇನೆ, ಯಾವುದು ಮೊದಲು ಯಾವುದು ಆಮೇಲೆ ಅಂತ ಬೆಂಚಿನ ಮೇಲೆ ಜೋಡಿಸಬೇಕು. ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದದ್ದು. ಶ್ರೀರಂಗಪಟ್ಟಣ ಬಿದ್ದದ್ದು. ಫ್ರೆಂಚ್ ಸೈನಿಕರಿಗೆ ಈಜಿಪ್ಟಿನ ರಶೀದ್ ಊರಿನ ಹತ್ತಿರ ಮೂರು ಲಿಪಿಯ ರೊಸೆಟ್ಟಾ ಕಲ್ಲು ಸಿಕ್ಕಿದ್ದು. ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಅಧಿಕಾರ ಹಿಡಿದದ್ದು. ನಾಲ್ಕೂ ಒಂದೇ ವರ್ಷದ್ದು ಅಂತ ಮಕ್ಕಳು ನಂಬುವುದೇ ಇಲ್ಲ. ಪುಸ್ತಕದಲ್ಲಿ ಅವು ಬೇರೆಬೇರೆ ಪಾಠದಲ್ಲಿವೆ, ಇನ್ನೇನು ಮಾಡಬೇಕು ಪಾಪ. ಸರಿಯಾದ ಸಾಲು ಹೀಗೆ: ಜನವರಿ, ಮೇ 4, ಜುಲೈ, ನವೆಂಬರ್. ಜನವರಿಯ ಕಾಗದ ಟಿಪ್ಪುವಿಗೆ ಮುಟ್ಟಲೇ ಇಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ನಮ್ಮ ಮಕ್ಕಳಿಗೆ ಮೇ 4ರ ಜಾಗ ಸೈಕಲ್ಲಿನ ದೂರದಲ್ಲಿದೆ, ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಶ್ರೀರಂಗಪಟ್ಟಣದಿಂದ ಹೊರಟ ಟಿಪ್ಪುವಿನ ಮರದ ಹುಲಿ, ಈಜಿಪ್ಟಿನಿಂದ ಹೊರಟ ಕಲ್ಲು, ಎರಡೂ ಈಗ ಎಲ್ಲಿವೆ ಗೊತ್ತಾ ಅಂದೆ. ಒಂದೇ ಊರಲ್ಲಿ, ಲಂಡನ್ನಿನಲ್ಲಿ, ಎರಡು ಬೇರೆ ಮ್ಯೂಸಿಯಮ್ಮಿನಲ್ಲಿ.

"ಕೇಳುದ್ರೆ ಕೊಡಕ್ಕಿಲ್ವಾ ಮಿಸ್?"

ಆ ಪ್ರಶ್ನೆಗೆ ಪೀರಿಯಡ್ ಪೂರ್ತಿ ಹೋಯಿತು. ಪೋರ್ಷನ್ ಹಿಂದೆ ಬಿತ್ತು, ಹೌದು. ಕೊಡಬೇಕು ಅನ್ನುವವರು ಒಂದು ಕಡೆ, ಇಲ್ಲಿದ್ದಿದ್ದರೆ ಗೆದ್ದಲು ತಿಂದಿರುತ್ತಿತ್ತು ಅನ್ನುವವರು ಇನ್ನೊಂದು ಕಡೆ.

ಈಜಿಪ್ಟಿನ ಅಬು ಸಿಂಬೆಲ್ ಗುಡಿಯ ಚಿತ್ರ ಹಾಕಿದ ದಿನ ನಾನು ಹೆಚ್ಚು ಕೇಳಬೇಕಾಗಲಿಲ್ಲ. ಕ್ರೇನಿನಲ್ಲಿ ನೇತಾಡುತ್ತಿರುವ ರಾಮ್ಸೆಸ್ ರಾಜನ ಕಲ್ಲಿನ ಮುಖ. ಆಸ್ವಾನ್ ಅಣೆಕಟ್ಟಿನ ನೀರು ಬರುತ್ತದೆ ಅಂತ 1964ರಿಂದ 1968ರವರೆಗೆ ಇಡೀ ಗುಡಿಯನ್ನು ಕತ್ತರಿಸಿ 65 ಮೀಟರ್ ಮೇಲಕ್ಕೆ ಒಯ್ದು ಜೋಡಿಸಿದರು. ಕನ್ನಂಬಾಡಿ ಕಡೆಯ ನೆಂಟರಿರುವ ಮಕ್ಕಳು ಒಟ್ಟಿಗೇ ಮಾತು ಶುರು ಮಾಡಿದರು. 1911ರಲ್ಲಿ ಕೆಲಸ ಹಿಡಿದ ಕೆ.ಆರ್.ಎಸ್. ಕಟ್ಟೆಯ ನೀರಿನಲ್ಲಿ ಹಳೇ ಊರು ಮುಳುಗಿದ್ದು, ಬರಗಾಲದ ವರ್ಷ ವೇಣುಗೋಪಾಲಸ್ವಾಮಿ ಗುಡಿ ನೀರಿನಿಂದ ಮೇಲೆ ಕಾಣುತ್ತಿದ್ದದ್ದು, ಆಮೇಲೆ ಅದರ ಕಲ್ಲನ್ನೆಲ್ಲ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದು. ಕಲ್ಲಿಗೆ ನಂಬರ್ ಹಾಕದೆ ತಿರುಗಿ ಜೋಡಿಸೋದು ಹೆಂಗೆ ಅಂತ ಒಬ್ಬ ಕೇಳಿದ. ಅದೇ ಮಾರನೇ ದಿನದ ಕೆಲಸವಾಯಿತು: ಒಂದು ಚಿತ್ರವನ್ನು ಹನ್ನೆರಡು ಚೂರು ಮಾಡಿ ಹಿಂದುಗಡೆ ಗುರುತು ಹಾಕಿ ಪಕ್ಕದ ಬೆಂಚಿಗೆ ದಾಟಿಸುವುದು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಂಥ ಐಡಿಯಾಗಳು ರಾಶಿ ರಾಶಿ ಸಿಗುತ್ತವೆ. ಬಹುಪಾಲು ಕ್ವಿಜ್ಜು: ಯಾವ ವರ್ಷ, ಯಾವ ಶೈಲಿ, ಬಿಟ್ಟ ಸ್ಥಳ ತುಂಬಿರಿ. ಗೊತ್ತಿರುವ ನಾಲ್ಕು ಮಕ್ಕಳು ಕೈ ಎತ್ತುತ್ತಾರೆ, ಉಳಿದವರು ಅವತ್ತಿನ ಪಾಠ ಮುಗಿಯುವವರೆಗೂ ಗೊತ್ತಿಲ್ಲದವರಾಗಿಯೇ ಉಳಿಯುತ್ತಾರೆ. ನೋಡುವ ಕೆಲಸದಲ್ಲಿ ಹಕ್ಕಲಾಯುವ ಅಜ್ಜಿಯಿರುವ ಹುಡುಗಿಯೇ ಎಲ್ಲರಿಗಿಂತ ಮುಂದೆ. ಅವಳಿಗೆ ಕಿರುಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಎಂಟು ಬಂದಿತ್ತು ಅನ್ನುವುದು ಬೇರೆ ಮಾತು, ಈಗಲೂ ಅಂಥ ಏರಿಕೆಯೇನೂ ಆಗಿಲ್ಲ.

ಬರುವ ವಾರ ಗೆರ್ನಿಕಾ. ಎ3 ಹಾಳೆಯಲ್ಲಿ ಅದನ್ನು ತೋರಿಸಲು ನನಗೆ ಮನಸ್ಸಿಲ್ಲ. 1937ರ ಏಪ್ರಿಲ್ 26ರಂದು ಸ್ಪೇನಿನ ಆ ಊರಿನ ಮೇಲೆ ಬಾಂಬ್ ಬಿತ್ತು, ಅದೇ ವರ್ಷ ಪಿಕಾಸೊ ಬರೆದ ಚಿತ್ರ 3.49 ಮೀಟರ್ ಎತ್ತರ, 7.77 ಮೀಟರ್ ಅಗಲ. ಅದಕ್ಕೆ ಅವತ್ತು ಕ್ಲಾಸಿನ ಬದಲು ಮೈದಾನಕ್ಕೆ ಹೋಗುತ್ತೇವೆ. ಟೇಪು ಹಿಡಿದು ಆ ಅಳತೆಯ ಚೌಕಟ್ಟನ್ನು ನೆಲದ ಮೇಲೆ ಹಾಕಿ, ಇಡೀ ಒಂಬತ್ತನೇ ಕ್ಲಾಸನ್ನು ಅದರೊಳಗೆ ನಿಲ್ಲಿಸಿ ಎಷ್ಟು ಜನ ಹಿಡಿಸುತ್ತಾರೆ ನೋಡಬೇಕು. ಪ್ರಿಂಟು ಆಮೇಲೆ. ಬಣ್ಣ ಯಾಕಿಲ್ಲ ಅನ್ನುವ ಪ್ರಶ್ನೆಯೊಂದನ್ನೇ ಇಟ್ಟುಕೊಂಡಿದ್ದೇನೆ. ಖೋಖೋ ಅಂಕಣಕ್ಕೆ ತಂದ ಸುಣ್ಣದ ಪುಡಿಯಲ್ಲಿ ಅರ್ಧ ಚೀಲ ಉಳಿದಿದೆ, ತಗೊಳ್ಳಿ ಅಂದಿದ್ದಾರೆ ಪಿ.ಟಿ. ಮೇಷ್ಟ್ರು. ಆದರೆ ಮಧ್ಯಾಹ್ನದ ಬಿಸಿಲಿಗೆ ಬೇಡ, ಬೆಳಗ್ಗೆಯ ಅವರ ಪೀರಿಯಡ್ಡನ್ನೇ ನನಗೆ ಬಿಟ್ಟುಕೊಡುತ್ತಾರಂತೆ. ಟೈಮ್ ಟೇಬಲ್ ಹಾಕುವವರಿಗೆ ಇನ್ನೂ ತಿಳಿಸಿಲ್ಲ.