ಬರವಣಿಗೆ ಚೆನ್ನಾಗಿದ್ದರೆ ಡೆಸ್ಕಿಗೆ ಕೆಲಸ ಜಾಸ್ತಿ

ಸೆಮಿಸ್ಟರ್‌ಗೊಮ್ಮೆ ನಮ್ಮ ಪತ್ರಿಕೆಯ ಆಫೀಸಿಗೆ ಇಂಟರ್ನ್‌ಗಳು ಬರುತ್ತಾರೆ. ಬೆಂಗಳೂರಿನ ಕಾಲೇಜುಗಳವರೇ ಆದರೂ ಊರು ಕೇಳಿದರೆ ಶಿರಾ, ಕನಕಪುರ, ಅರಸೀಕೆರೆ, ಕೆಲವೊಮ್ಮೆ ಬೀದರ್. ಯಾಕಪ್ಪಾ ಈ ಲೈನಿಗೆ ಬಂದೆ ಅಂದರೆ ಹೆಚ್ಚಿನವರದ್ದು ಒಂದೇ ಉತ್ತರ: 'ಬರೆಯೋದಂದ್ರೆ ತುಂಬಾ ಇಷ್ಟ ಸರ್.' ಕವಿತೆ, ಕಾಲೇಜು ಮ್ಯಾಗಜಿನ್‌ನಲ್ಲಿ ಬಂದ ಕಥೆ, ಪ್ರಬಂಧ ಸ್ಪರ್ಧೆಯ ಸರ್ಟಿಫಿಕೇಟು, ಎಲ್ಲವೂ ಮೊಬೈಲಿನಲ್ಲೇ ಇರುತ್ತವೆ. ತೋರಿಸಿದರೆ ಓದುತ್ತೇನೆ. ಬರೀ ಮರ್ಯಾದೆಗಲ್ಲ, ಇಷ್ಟಪಟ್ಟೇ ಓದುತ್ತೇನೆ. ಅಚ್ಚುಕಟ್ಟಾದ ನಾಲ್ಕು ಸಾಲು ಸಿಕ್ಕರೆ ಖುಷಿಯಾಗುತ್ತದೆ. ಹಾಗೇ, ಇವರ ಕಾಪಿ, ಅಂದರೆ ಬರೆದುಕೊಟ್ಟ ಸುದ್ದಿ, ಬಂದಾಗ ಸ್ವಲ್ಪ ಹುಷಾರಾಗಿರಬೇಕು ಅಂತಲೂ ಅನಿಸುತ್ತದೆ.

ನಾನು ಕನ್ನಡ ದಿನಪತ್ರಿಕೆಯೊಂದರ ಸಿಟಿ ಡೆಸ್ಕಿನಲ್ಲಿದ್ದೇನೆ. ವರದಿಗಾರರು ಕಳಿಸಿದ್ದನ್ನು ತಿದ್ದಬೇಕು, ತಲೆಬರಹ ಕೊಡಬೇಕು, ಹೊತ್ತಿಗೆ ಸರಿಯಾಗಿ ಪುಟ ಬಿಡಬೇಕು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ನನಗೆ ಖಾತ್ರಿಯಾಗಿರುವ ಸಂಗತಿ ಇದು: ಕೆಟ್ಟದಾಗಿ ಬರೆದ ಸುದ್ದಿಯಲ್ಲಿ ಏನು ಬಿಟ್ಟುಹೋಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಚೆನ್ನಾಗಿ ಬರೆದಿದ್ದರಲ್ಲಿ ಗೊತ್ತಾಗುವುದೇ ಇಲ್ಲ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ, ಒಳ್ಳೆಯ ವಾಕ್ಯ ಕಣ್ಣನ್ನು ಮುಂದಕ್ಕೆ ಜಾರಿಸಿಬಿಡುತ್ತದೆ.

ನೆಲಮಂಗಲ ಕಡೆಯ ನಮ್ಮ ಸ್ಟ್ರಿಂಗರ್, ಅಂದರೆ ಅರೆಕಾಲಿಕ ವರದಿಗಾರ, ಒಬ್ಬರಿದ್ದಾರೆ. ವಾಟ್ಸಾಪ್‌ನಲ್ಲೇ ಸುದ್ದಿ ಕಳಿಸುತ್ತಾರೆ. ಅಲ್ಪಪ್ರಾಣ, ಮಹಾಪ್ರಾಣದ ಗೊಡವೆಯೇ ಇಲ್ಲ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧ ನಾವೇ ಕಲ್ಪಿಸಬೇಕು. ಆದರೆ ಅಪಘಾತ ಅಂದರೆ ಗಾಡಿ ಯಾವುದು, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬರುತ್ತಿತ್ತು, ಸತ್ತವರ ವಯಸ್ಸು, ಠಾಣೆ, ಎಲ್ಲ ಇರುತ್ತದೆ. ಏನಾದರೂ ಇಲ್ಲದಿದ್ದರೆ ಅದೂ ಎದ್ದು ಕಾಣುತ್ತದೆ. ಫೋನ್ ಮಾಡಿ ಕೇಳಿದರೆ ಆಯಿತು. ಹತ್ತು ನಿಮಿಷದಲ್ಲಿ ಕಾಪಿ ಸಿದ್ಧ.

ಕವಿತೆ ಬರೆಯುವವರ ಕಾಪಿ ಹಾಗಲ್ಲ. 2024ರ ಮಾರ್ಚ್‌ನಲ್ಲಿ ಶಿರಾ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಆ ಬೇಸಿಗೆ ನಿಮಗೂ ನೆನಪಿರಬಹುದು. ಬೋರ್‌ವೆಲ್‌ಗಳು ಬತ್ತಿ, ಊರಿನ ಬಾಯಲ್ಲೆಲ್ಲ ಟ್ಯಾಂಕರ್ ಮಾತು. ಮಹದೇವಪುರ ವಲಯದ ಒಂದು ಬಡಾವಣೆಗೆ ಹೋಗಿ ನೋಡಿಕೊಂಡು ಬಾ ಅಂತ ಮುಖ್ಯ ವರದಿಗಾರರು ಅವಳನ್ನು ಕಳಿಸಿದ್ದರು. ಸಂಜೆ ಬಂದ ಕಾಪಿ ಹೀಗೆ ಶುರುವಾಗಿತ್ತು:

'ಬಿಸಿಲು ನೆತ್ತಿಗೇರುವ ಮೊದಲೇ ಬಿಂದಿಗೆಗಳು ಸಾಲುಗಟ್ಟುತ್ತವೆ. ಹಸಿರು, ನೀಲಿ, ಕೆಂಪು. ಬಣ್ಣಕ್ಕೆ ಬರವಿಲ್ಲ, ನೀರಿಗಷ್ಟೇ ಬರ.'

ಪಕ್ಕದ ಸೀಟಿನವರು ಜೋರಾಗಿ ಓದಿ, 'ಬಾಟಮ್‌ಗೆ ಹಾಕೋಣ' ಅಂದರು, ಅಂದರೆ ಪುಟದ ಕೆಳಗಿನ ದೊಡ್ಡ ಸುದ್ದಿಯಾಗಿ. ನನಗೂ ಇಷ್ಟವಾಯಿತು. ಮುಂದೆ ಒಬ್ಬ ಅಜ್ಜಿ ಬರುತ್ತಾಳೆ, ಅವಳ ಕೈಯ ಗಂಟುಗಳು ಬರುತ್ತವೆ, ಖಾಲಿ ನಲ್ಲಿಯ ಮೇಲೆ ಕೂತ ಕಾಗೆ ಬರುತ್ತದೆ. ಓದಿ ಮುಗಿಸಿ ತಲೆಬರಹ ಕೊಡಲು ಹೋದರೆ ಏನೂ ಹೊಳೆಯುತ್ತಿಲ್ಲ. ತಲೆಬರಹ ಹೊಳೆಯದಿದ್ದರೆ ನಮ್ಮ ಡೆಸ್ಕಿನಲ್ಲಿ ಅದಕ್ಕೆ ಒಂದೇ ಅರ್ಥ: ಒಳಗೆ ಸುದ್ದಿ ಇಲ್ಲ.

ಕರೆದು ಕೂರಿಸಿಕೊಂಡೆ.

'ಇದು ಯಾವ ಬಡಾವಣೆ ಕಣಮ್ಮಾ? ನಗರದ ಹೊರವಲಯ ಅಂತ ಬರೆದಿದ್ದೀಯ.'

ಹೇಳಿದಳು.

'ನೀರು ನಿಂತು ಎಷ್ಟು ದಿನ ಆಯ್ತು?'

'ತುಂಬಾ ದಿನದಿಂದ ಅಂದ್ರು ಸರ್.'

'ಬೋರ್ ಬತ್ತಿದ್ದಾ, ಮೋಟರ್ ಸುಟ್ಟಿದ್ದಾ?'

ಸುಮ್ಮನಾದಳು. ಇದು ಸಣ್ಣ ವ್ಯತ್ಯಾಸ ಅಲ್ಲ. ಮೋಟರ್ ಸುಟ್ಟಿದ್ದರೆ ಅದು ಯಾವಾಗ ರಿಪೇರಿ ಆಗುತ್ತದೆ ಅಂತ ಒಬ್ಬ ಎಂಜಿನಿಯರ್ ಹೇಳಬೇಕು. ಬೋರ್ ಬತ್ತಿದ್ದರೆ ಸುದ್ದಿಯೇ ಬೇರೆ.

'ಅಜ್ಜಿ ಹೆಸರೇನು?'

'ಕೇಳಲಿಲ್ಲ ಸರ್. ಅವರ ಕೈ ನೋಡ್ತಾ ಇದ್ದೆ.'

ಈ ಉತ್ತರ ನನಗೆ ಇವತ್ತಿಗೂ ಇಷ್ಟ. ಕೈ ನೋಡುವವರೂ ಕಮ್ಮಿಯೇ ಅಲ್ವಾ? ಅಲ್ಲಿಗೆ ಹೋದವರೆಲ್ಲ ಅಜ್ಜಿಯ ಹೆಸರು ಬರೆದುಕೊಳ್ಳುತ್ತಾರೆ, ಕೈ ಯಾರೂ ನೋಡುವುದಿಲ್ಲ. ಆದರೆ ಪೇಪರಿಗೆ ಎರಡೂ ಬೇಕು. ಹೆಸರು ಮೊದಲು ಬೇಕು.

ಮಾರನೇ ದಿನ ಮತ್ತೆ ಹೋದಳು. ಹೊರಡುವಾಗ ಒಂದೇ ಮಾತು ಹೇಳಿದ್ದೆ: ಎಂಜಿನಿಯರ್ ಹತ್ತಿರ ಆಮೇಲೆ ಹೋಗು, ಮೊದಲು ವಾಟರ್‌ಮ್ಯಾನ್ ಹುಡುಕು. ಯಾವ ಬೀದಿಗೆ ಯಾವ ದಿನ ನೀರು ಬಿಡುತ್ತಾರೆ, ಯಾವ ಬೋರ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದೆಲ್ಲ ಅವನ ಬಾಯಲ್ಲೇ ಇರುತ್ತದೆ. ಅವನನ್ನು ಕೇಳುವವರಿಲ್ಲ, ಹಾಗಾಗಿ ಕೇಳಿದರೆ ಹೇಳುತ್ತಾನೆ.

ಸಂಜೆ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಬೇರೆ ತರದ ಸಾಮಾನಿತ್ತು. ಬೋರ್ ಬತ್ತಿತ್ತು. ಬತ್ತಿದ ವಾರ ಯಾವುದು ಅಂತ ವಾಟರ್‌ಮ್ಯಾನ್ ಹೇಳಿದ್ದ. ಬೀದಿಯವರು ಸೇರಿ ಟ್ಯಾಂಕರ್ ತರಿಸುತ್ತಿದ್ದರು. ಅಜ್ಜಿಯೇ ಮನೆ ಮನೆಯಿಂದ ದುಡ್ಡು ಎತ್ತುತ್ತಿದ್ದಳು, ಲೆಕ್ಕ ಇಡುತ್ತಿದ್ದಳು. ಟ್ಯಾಂಕರ್ ಡ್ರೈವರ್ ಬಾಲ್‌ಪೆನ್ನಿನಲ್ಲಿ ಗೀಚಿಕೊಟ್ಟ ಒಂದು ಚೀಟಿ ಅಜ್ಜಿಯ ಹತ್ತಿರವೇ ಇತ್ತು. ಅದರ ಫೋಟೊ ತಂದಿದ್ದಳು. 12,000 ಲೀಟರ್, 1,800 ರೂಪಾಯಿ. ಅದೇ ತಿಂಗಳು ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತು ಮಾಡಿತ್ತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಈಗ ತಲೆಬರಹ ತಾನಾಗಿಯೇ ಬಂತು.

ಸುದ್ದಿ ಬಂದಿದ್ದು ಎರಡು ಕಾಲಂ, ಬೈಲೈನ್, ಅಂದರೆ ಬರೆದವರ ಹೆಸರು, ಇರಲಿಲ್ಲ. ಇಂಟರ್ನ್‌ಗಳಿಗೆ ಬೈಲೈನ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕಾಗೆ ಹೋಯಿತು. 'ಬಣ್ಣಕ್ಕೆ ಬರವಿಲ್ಲ' ಮಾತ್ರ ಹೋಗಲಿಲ್ಲ. ಬಿಂದಿಗೆ ಸಾಲಿನ ಫೋಟೊ ಇತ್ತಲ್ಲ, ಅದರ ಕೆಳಗೆ ಅಡಿಬರಹವಾಗಿ ಕೂತಿತು. ಬರೆಯುವ ಪ್ರೀತಿಗೆ ಪತ್ರಿಕೆಯಲ್ಲಿ ಜಾಗ ಇಲ್ಲ ಅಂತ ಕೊರಗುವವರಿಗೆ ನಾನು ಅಡಿಬರಹ ಬರೆಯಲು ಕೊಡುತ್ತೇನೆ. ಎಂಟು ಹತ್ತು ಪದದಲ್ಲಿ, ಫೋಟೊದಲ್ಲಿ ಕಾಣುವುದನ್ನೇ ಮತ್ತೆ ಹೇಳದೆ ಬರೆಯಬೇಕು. ಮಾಡಿ ನೋಡಿ.

ಸುಂದರವಾದ ವಿವರ ಕೆಲವು ಸಲ ಬರೀ ವ್ಯರ್ಥ ಅಲ್ಲ, ಅಪಾಯ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪ್ರಕರಣದ ಸುದ್ದಿಯೊಂದರಲ್ಲಿ ಒಬ್ಬ ಹುಡುಗ, ಮಗುವಿನ ಹೆಸರು ಬದಲಿಸಿ, ಶಾಲೆಯ ಗೇಟಿನ ಪಕ್ಕದ ಹುಣಸೆಮರ, ಎದುರಿನ ಹಿಟ್ಟಿನ ಗಿರಣಿ ಎಲ್ಲ ಬರೆದಿದ್ದ. ಓದಿದರೆ ಆ ಬೀದಿ ಕಣ್ಣಿಗೆ ಕಟ್ಟುತ್ತದೆ. ತೊಂದರೆ ಇದ್ದಿದ್ದೇ ಅಲ್ಲಿ. ಆ ಏರಿಯಾದವರಿಗೆ ಮಗು ಯಾರದ್ದು ಅಂತ ಗೊತ್ತಾಗಲು ಹುಣಸೆಮರ ಸಾಕು. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಹೆಸರು, ವಿಳಾಸ, ಫೋಟೊ ಅಷ್ಟೇ ಅಲ್ಲ. ಶಾಲೆ, ಮನೆಯವರ ವಿವರ, ನೆರೆಹೊರೆ, ಯಾವುದರಿಂದಲೂ ಗುರುತು ಸಿಗಬಾರದು. ತಪ್ಪಿದರೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹುಡುಗನಿಗೆ ಕಾಯ್ದೆ ಓದಿ ಹೇಳಿದೆ. ಆ ಮರವನ್ನು ಕಥೆಗೆ ಇಟ್ಟುಕೋ ಅಂತ ಹೇಳಲೂ ಮನಸ್ಸಾಗಲಿಲ್ಲ.

ಅಂಕಿಗಳ ವಿಷಯದಲ್ಲೂ ಬರೆಯುವವರಿಗೆ ಒಂದು ಅಲರ್ಜಿ ಇದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ನೀರು ತರುವ ಕಾವೇರಿ ಐದನೇ ಹಂತದ ಉದ್ಘಾಟನೆ ಆದಾಗ ಇನ್ನೊಬ್ಬ ಇಂಟರ್ನ್ ಪ್ರೆಸ್‌ನೋಟ್‌ನ 775 ಎಂಎಲ್‌ಡಿ ತೆಗೆದು 'ಬೃಹತ್ ಪ್ರಮಾಣದ ನೀರು' ಅಂತ ಬರೆದ. ಓದುಗರಿಗೆ ಎಂಎಲ್‌ಡಿ ಅರ್ಥ ಆಗಲ್ಲ ಸರ್ ಅಂದ. ಆ ಮಾತು ನಿಜ. ಹಾಗಂತ ಬೃಹತ್ ಅಂದರೆ ಅರ್ಥವಾಗುತ್ತದಾ? ಒಂದು ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್. 775 ಅಂದರೆ 77.5 ಕೋಟಿ ಲೀಟರ್. ಅಜ್ಜಿಯ ಬೀದಿಗೆ ಬರುತ್ತಿದ್ದಂಥ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 64 ಸಾವಿರಕ್ಕೂ ಜಾಸ್ತಿ ಟ್ಯಾಂಕರ್. ಇದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ ಅಂತ ಪಕ್ಕದಲ್ಲಿ ಬರೆದರೆ, 2007ಕ್ಕೂ 2024ಕ್ಕೂ ನಡುವೆ ಎಷ್ಟು ವರ್ಷ ಅಂತ ಓದುಗರೇ ಕಳೆದು ನೋಡುತ್ತಾರೆ.

'ಡಿವಿಜಿ ಕೂಡ ಕವಿಗಳೂ ಹೌದು, ಪತ್ರಕರ್ತರೂ ಹೌದು ಅಲ್ವಾ ಸರ್' ಅಂತ ವರ್ಷಕ್ಕೆ ಒಬ್ಬರಾದರೂ ಕೇಳುತ್ತಾರೆ. ಹೌದಪ್ಪಾ. ಅದೇ ಡಿವಿಜಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಬುಲ್ ಟೆಂಪಲ್ ರಸ್ತೆಯಲ್ಲಿ ಈಗಲೂ ಇದೆ, ಬಿಡುವಿದ್ದಾಗ ಹೋಗಿ ಬಾ ಅನ್ನುತ್ತೇನೆ. ಸಾರ್ವಜನಿಕ ವಿಚಾರ ಅಂದರೆ ಬಜೆಟ್ಟು, ತೆರಿಗೆ, ಕಾನೂನು, ಚುನಾವಣೆ. ಕವಿಗಳಿಗೆ ಬೋರ್ ಹೊಡೆಸುವ ಸರಕೆಲ್ಲ ಅವರಿಗೆ ಬೇಕಿತ್ತು.

ಶಿರಾದ ಹುಡುಗಿಯ ವಿಷಯದಲ್ಲಿ ನನಗೆ ನಿಜಕ್ಕೂ ನಂಬಿಕೆ ಬಂದಿದ್ದು ನೀರಿನ ಸುದ್ದಿಯಿಂದಲ್ಲ, ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಿಂದ. ಅವಳ ಪಿಜಿ ಹತ್ತಿರ ಒಂದು ಶಾಖಾ ಗ್ರಂಥಾಲಯ. ಅಲ್ಲಿ ಹಳೇ ಕುರ್ಚಿ, ಹಳೇ ಪುಸ್ತಕ. ನಾವು ಕಟ್ಟುವ ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರ ಇರುತ್ತದೆ ಅಂತ ಯಾರೋ ಹೇಳಿದ್ದರು. ಆ ದುಡ್ಡಿನ ಲೆಕ್ಕ ಕೇಳಬೇಕು ಅಂತ ಎರಡು ಪುಟದ ಅರ್ಜಿ ಬರೆದು ತಂದಳು. ಓದುವ ಹವ್ಯಾಸ ಹೇಗೆ ಕಮ್ಮಿಯಾಗುತ್ತಿದೆ, ಪುಸ್ತಕ ಮನುಷ್ಯನಿಗೆ ಏನು ಕೊಡುತ್ತದೆ, ಎಲ್ಲ ಇತ್ತು. ಕೊನೆಗೆ 'ಗ್ರಂಥಾಲಯವನ್ನು ಏಕೆ ಹೀಗೆ ಕಡೆಗಣಿಸಲಾಗಿದೆ?' ಅಂತ ಪ್ರಶ್ನೆ.

ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಒಂದು ಮಿತಿ ಇದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆರ್‌ಟಿಐ ಕಾರ್ಯಕರ್ತರಿಗೆ ಈ ನಿಯಮ ಕಂಡರೆ ಆಗುವುದಿಲ್ಲ, ಅವರ ಸಿಟ್ಟಿನಲ್ಲಿ ಅರ್ಥ ಇದೆ. ಬರವಣಿಗೆ ಕಲಿಯುವವರಿಗೆ ಮಾತ್ರ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. 'ಏಕೆ' ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಕಡತದಲ್ಲಿ ಇರುವುದನ್ನಷ್ಟೇ ಕೇಳಬಹುದು ಅಂತ ಅವಳಿಗೆ ಹೇಳಿದೆ. ಕ್ಯಾಂಟೀನಿನಲ್ಲಿ ಕೂತು ಹೊಡೆದು ಹಾಕುತ್ತಾ ಹೋದಳು. ಪುಸ್ತಕದ ಮಹಿಮೆ ಹೋಯಿತು. ಕಡೆಗಣನೆ ಹೋಯಿತು. ಉಳಿದಿದ್ದು: ಇಂಥ ಎರಡು ಹಣಕಾಸು ವರ್ಷಗಳಲ್ಲಿ ಈ ವಾರ್ಡಿನಲ್ಲಿ ಸಂಗ್ರಹವಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಗ್ರಂಥಾಲಯ ಇಲಾಖೆಗೆ ವರ್ಗ ಮಾಡಿದ್ದು ಎಷ್ಟು, ಯಾವ ದಿನಾಂಕದಂದು, ಆದೇಶದ ಪ್ರತಿ ಕೊಡಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದಳು.

ಆ ನಾಲ್ಕು ಸಾಲಿನಲ್ಲಿ ತಪ್ಪಿಸಿಕೊಳ್ಳಲು ಎಲ್ಲೂ ಸಂದಿ ಇರಲಿಲ್ಲ. ಹಾಗೆ ಬರೆಯಲು ಭಾಷೆ ಗೊತ್ತಿರಬೇಕು. ಬರೆಯುವ ಪ್ರೀತಿ ಇಲ್ಲದವರು ಅಷ್ಟು ಹೊತ್ತು ಕೂತು ಒಂದು 'ಮತ್ತು' ತೆಗೆಯಲೋ ಬೇಡವೋ ಅಂತ ಯೋಚಿಸುವುದಿಲ್ಲ.

ಈ ಕೆಲಸಕ್ಕೆ ಬರಬೇಕೆನ್ನುವವರಿಗೆ ಒಂದೆರಡು ಸಾದಾ ಮಾತು ಹೇಳಿಬಿಡುತ್ತೇನೆ. ಟೈಪಿಂಗ್ ಕಲಿತು ಬನ್ನಿ. ನುಡಿ ತಂತ್ರಾಂಶ, ಯುನಿಕೋಡ್ ಎರಡೂ ಗೊತ್ತಿರಲಿ. ಇಂಗ್ಲಿಷ್‌ನಿಂದ ಅನುವಾದ ಮಾಡಲು ಬರಬೇಕು. ಸುದ್ದಿ ಏಜೆನ್ಸಿಯ ಕಾಪಿ ಇಂಗ್ಲಿಷ್‌ನಲ್ಲೇ ಬರುತ್ತದೆ, ಕೆಲಸಕ್ಕೆ ಸೇರುವ ಪರೀಕ್ಷೆಯಲ್ಲೂ ಅದನ್ನು ಕೇಳುತ್ತಾರೆ. ನಿಧನ ವಾರ್ತೆ ಬರೆಯಲು ಕೊಟ್ಟರೆ ಮುಖ ಸಣ್ಣ ಮಾಡಿಕೊಳ್ಳಬೇಡಿ. ಹೆಸರಿನ ಒಂದು ಅಕ್ಷರ ತಪ್ಪಿದರೂ ಬೆಳಿಗ್ಗೆ ಮನೆಯವರ ಫೋನ್ ಬರುವ ಸುದ್ದಿ ಅದು.

ಶಿರಾದ ಹುಡುಗಿಯ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಅವಳ ತಂದೆ ಫೋನ್ ಮಾಡಿದ್ದರು. 'ಸರ್, ಈ ಲೈನಲ್ಲಿ ನಮ್ಮ ಹುಡುಗಿಗೆ ಮುಂದೆ ಏನಾದ್ರೂ ಐತಾ?' ಇದ್ದಿದ್ದು ಇದ್ದ ಹಾಗೆ ಹೇಳಿದೆ. ಸಂಬಳ ಐಟಿಯವರ ತರ ಇರಲ್ಲ ಯಜಮಾನ್ರೇ, ಹಬ್ಬಕ್ಕೆ ರಜೆ ಸಿಗುತ್ತೆ ಅಂತ ನಂಬೋ ಹಾಗಿಲ್ಲ, ರಾತ್ರಿ ಪಾಳಿ ಇದ್ದರೆ ಆಫೀಸ್ ಗಾಡಿಯಲ್ಲೇ ಬಿಡ್ತಾರೆ. ಹುಡುಗಿ ಕೇಳೋದು ಕಲಿತಿದ್ದಾಳೆ, ಬರೆಯೋದು ಮೊದಲೇ ಗೊತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ನಮ್ಮೂರ ಕೆರೆ ಒತ್ತುವರಿ ಬಗ್ಗೆ ಒಂದು ಬರೆಸಿ ಸರ್' ಅಂದರು. ಯಾವ ಕೆರೆ, ಎಷ್ಟು ಎಕರೆ, ಒತ್ತುವರಿ ಎಷ್ಟಾಗಿದೆ ಅಂತ ಕೇಳಿದೆ. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ಗೆ ಸರ್ವೆ ನಂಬರ್ ಬಂತು, ಹಿಂದೆಯೇ ಪಹಣಿಯ ಫೋಟೊ. ತುಮಕೂರು ಬ್ಯೂರೋಗೆ ಕಳಿಸಿಕೊಟ್ಟೆ.