ಪ್ಲುಟೋನಿಯಂ ಕಾವಿಗೆ ಸ್ವಿಚ್ ಇಲ್ಲ

ಬಾಹ್ಯಾಕಾಶ ನೌಕೆಗಳ ಉಷ್ಣ ಲೆಕ್ಕ ಹಾಕುವ ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು, ತಾನಾಗಿ ಬಿಸಿಯಾಗಿದ್ದು ನೌಕೆಗಳಿಗೆ ಶಾಖವನ್ನೂ ವಿದ್ಯುತ್ತನ್ನೂ ಕೊಡುವ ವಿಕಿರಣಶೀಲ ಇಂಧನ ಪ್ಲುಟೋನಿಯಂ-238ರ ಮಾತು ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಉಡಾವಣೆ ಎರಡು ವರ್ಷ ಮುಂದಕ್ಕೆ ಹೋದರೆ ಅಲ್ಲಿಯವರೆಗೆ ಇದನ್ನು ಆಫ್ ಮಾಡಿಡಬಹುದಲ್ವಾ ಸರ್?" ಆಗುವುದಿಲ್ಲ. ಸೌದೆ ಒಲೆಯಾದರೆ ಕೊಳ್ಳಿ ಹಿಂದಕ್ಕೆಳೆದು ಉರಿ ತಗ್ಗಿಸಬಹುದು. ವಿಕಿರಣ ಕ್ಷಯಕ್ಕೆ, ಅಂದರೆ ಪರಮಾಣುಗಳು ತಾವಾಗಿ ಒಡೆದು ಶಕ್ತಿ ಬಿಡುವುದಕ್ಕೆ, ಅಂಥ ಹಿಡಿತವೇ ಇಲ್ಲ. ಲೋಹವಾಗಿರಲಿ, ಆಕ್ಸೈಡ್ ಆಗಿರಲಿ, ನಿರ್ವಾತದಲ್ಲಿಡಿ, ದ್ರವ ಸಾರಜನಕದಲ್ಲಿ ಮುಳುಗಿಸಿ, ಕ್ಷಯದ ವೇಗ ಕದಲುವುದಿಲ್ಲ.

ನಾಸಾದ ಕ್ಯೂರಿಯಾಸಿಟಿ ರೋವರ್‌ನ ವಿದ್ಯುತ್ ಮೂಲಕ್ಕೆ 2008ರಲ್ಲೇ ಇಂಧನ ತುಂಬಿದ್ದರು. 2009ರಲ್ಲಿ ಹೊರಡಬೇಕಿದ್ದ ನೌಕೆ ಹೊರಟದ್ದು 2011ರ ನವೆಂಬರ್ 26ರಂದು. ಆ ಮೂರು ವರ್ಷ ಅದು ಹಗಲೂ ರಾತ್ರಿ ಹತ್ತಿರ ಹತ್ತಿರ 2,000 ವ್ಯಾಟ್ ಶಾಖ ಹೊರಹಾಕುತ್ತಲೇ ಇತ್ತು. ಅಂದರೆ ಮಂಗಳಕ್ಕೆ ಹೊರಡುವ ಮುನ್ನವೇ ಶೇ. 2ಕ್ಕೂ ಹೆಚ್ಚು ಶಾಖ ಖರ್ಚಾಗಿತ್ತು.

ಇದರಿಂದ ಹುಟ್ಟುವ ಕೆಲಸ ದೊಡ್ಡದು. ಇಂಧನ ತುಂಬಿದ ಗಳಿಗೆಯಿಂದ ಆ ಶಾಖಕ್ಕೆ ಹೊರಹೋಗುವ ದಾರಿ ಕೊಡಬೇಕು: ಗೋದಾಮಿನಲ್ಲಿ, ಸಾಗಣೆಯ ಪೆಟ್ಟಿಗೆಯಲ್ಲಿ, ರಾಕೆಟ್ಟಿನ ಮೂತಿಯೊಳಗೆ, ಪ್ರಯಾಣದುದ್ದಕ್ಕೂ. ಕ್ಯೂರಿಯಾಸಿಟಿ ಮಡಚಿಕೊಂಡು ಕೂತಿದ್ದ ಕವಚದೊಳಗೆ ಈ ಶಾಖ ಸಿಕ್ಕಿಬಿದ್ದಿದ್ದರೆ ಪಕ್ಕದ ಉಪಕರಣಗಳೆಲ್ಲ ಬೆಂದುಹೋಗುತ್ತಿದ್ದವು. ಅದಕ್ಕಾಗಿ ಫ್ರಿಯಾನ್-11 ದ್ರವವನ್ನು ಪಂಪಿನಿಂದ ಸುತ್ತಾಡಿಸಿ, ಶಾಖವನ್ನು ಹೊರಗಿನ ರೇಡಿಯೇಟರ್‌ಗಳಿಗೆ ಒಯ್ದರು. ಮಂಗಳದ ನೆಲದ ಮೇಲೆ ಇದೇ ಶಾಖ ರಾತ್ರಿಯ ಚಳಿಯಲ್ಲಿ ರೋವರ್‌ನ ಹೊಟ್ಟೆಯನ್ನು ಬೆಚ್ಚಗಿಡುತ್ತದೆ. ಗೋದಾಮಿನಲ್ಲಿರುವಾಗ ಇನ್ನೊಂದು ಉಪಾಯವಿದೆ. ಜನರೇಟರ್‌ನ ಎರಡು ತುದಿಗಳನ್ನು ಶಾರ್ಟ್ ಮಾಡಿಡುತ್ತಾರೆ. ಸಾಮಾನ್ಯ ಬ್ಯಾಟರಿಗೆ ಹೀಗೆ ಮಾಡಿದರೆ ಕೆಡುತ್ತದೆ, ಇಲ್ಲಿ ಅದೇ ಸರಿಯಾದ ಕ್ರಮ. ಕರೆಂಟ್ ಹರಿದಾಗ, ಎರಡು ತುದಿಗಳ ಬಿಸಿಯ ವ್ಯತ್ಯಾಸದಿಂದ ವಿದ್ಯುತ್ ಹುಟ್ಟಿಸುವ ಥರ್ಮೊಕಪಲ್‌ಗಳು ಬಿಸಿ ತುದಿಯಿಂದ ಹೆಚ್ಚು ಶಾಖ ಎಳೆಯುತ್ತವೆ, ಆ ತುದಿಯ ತಾಪಮಾನ ಇಳಿಯುತ್ತದೆ, ಅವುಗಳ ಸವಕಳಿ ನಿಧಾನವಾಗುತ್ತದೆ.

ವ್ಯಾಟ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಪ್ರತಿಯೊಬ್ಬರೂ ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಬೇಕು ಎಂದು ನಾನು ಒತ್ತಾಯ ಮಾಡುತ್ತೇನೆ. 1 ಗ್ರಾಂ ಶುದ್ಧ ಪ್ಲುಟೋನಿಯಂ-238ರಲ್ಲಿ ಸುಮಾರು 2.53 × 10²¹ ಪರಮಾಣುಗಳಿವೆ. ಅರ್ಧಾಯು, ಅಂದರೆ ಅವುಗಳಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, 87.7 ವರ್ಷ. 0.693ನ್ನು ಆ ಅರ್ಧಾಯುವಿನ ಸೆಕೆಂಡುಗಳಿಂದ ಭಾಗಿಸಿ ಪರಮಾಣುಗಳ ಸಂಖ್ಯೆಯಿಂದ ಗುಣಿಸಿದರೆ, ಸೆಕೆಂಡಿಗೆ ಸುಮಾರು 63,400 ಕೋಟಿ ಪರಮಾಣುಗಳು ಕ್ಷಯಿಸುತ್ತವೆ ಎಂದು ಬರುತ್ತದೆ. ಪ್ರತಿಯೊಂದೂ ಒಂದು ಆಲ್ಫಾ ಕಣವನ್ನು (ಹೀಲಿಯಂನ ನ್ಯೂಕ್ಲಿಯಸ್) ಉಗುಳಿ ಯುರೇನಿಯಂ-234 ಆಗುತ್ತದೆ. ಆ ಒಂದೊಂದು ಕ್ಷಯದಲ್ಲೂ ಸುಮಾರು 5.6 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಮಾನ) ಶಕ್ತಿ ಬಿಡುಗಡೆಯಾಗುತ್ತದೆ. ಗುಣಿಸಿ: 0.567 ವ್ಯಾಟ್. ಆಲ್ಫಾ ಕಣ ಘನ ವಸ್ತುವಿನೊಳಗೆ ಕೂದಲೆಳೆಯ ದಪ್ಪದಷ್ಟೂ ಸಾಗದೆ ನಿಂತುಬಿಡುವುದರಿಂದ ಅಷ್ಟೂ ಶಕ್ತಿ ಇಂಧನದೊಳಗೇ ಶಾಖವಾಗುತ್ತದೆ.

ಇಲ್ಲೇ ತಪ್ಪು ನುಸುಳುವುದು. ಕ್ಯೂರಿಯಾಸಿಟಿಯಲ್ಲಿ 4.8 ಕಿಲೋಗ್ರಾಂ ಇಂಧನವಿದೆ ಎಂದು ಓದಿ, 0.567ರಿಂದ ಗುಣಿಸಿ, 2,700 ವ್ಯಾಟ್ ಎಂದು ಬರೆದುಬಿಡುತ್ತಾರೆ. ಆ 4.8 ಕಿಲೋ ಪ್ಲುಟೋನಿಯಂ ಡೈಆಕ್ಸೈಡ್. ಅದರ ತೂಕದಲ್ಲಿ ಪ್ಲುಟೋನಿಯಂ ಪಾಲು ಶೇ. 88, ಉಳಿದದ್ದು ಆಮ್ಲಜನಕ. ಆ ಪ್ಲುಟೋನಿಯಂ ಕೂಡ ಪೂರ್ತಿ 238 ಅಲ್ಲ, ಪ್ಲುಟೋನಿಯಂ-239ರಂಥ, ಪರಮಾಣು ತೂಕ ಬೇರೆಯಿರುವ ಐಸೋಟೋಪ್‌ಗಳೂ ಬೆರೆತಿರುತ್ತವೆ. ಎರಡನ್ನೂ ಕಳೆದರೆ ಗ್ರಾಂಗೆ ಸುಮಾರು 0.41 ವ್ಯಾಟ್ ಉಳಿಯುತ್ತದೆ. ಈ ಇಂಧನದ ಒಂದು ಬಿಲ್ಲೆ ಸುಮಾರು 150 ಗ್ರಾಂ, 62.5 ವ್ಯಾಟ್. ನಾಲ್ಕು ಬಿಲ್ಲೆಗೆ ಒಂದು ಮಾಡ್ಯೂಲ್, 250 ವ್ಯಾಟ್. ಎಂಟು ಮಾಡ್ಯೂಲ್ ಸೇರಿದರೆ 2,000 ವ್ಯಾಟ್. ಇದರಲ್ಲಿ ವಿದ್ಯುತ್ತಾಗುವುದು ಆರಂಭದಲ್ಲಿ 110 ವ್ಯಾಟ್ ಮಾತ್ರ. ರೋವರ್ ಓಡಿಸುವ ಮೋಟಾರು, ರೇಡಿಯೋ, ಉಪಕರಣ ಎಲ್ಲವೂ ಇಷ್ಟರಲ್ಲೇ ಬ್ಯಾಟರಿ ತುಂಬಿಸಿಕೊಂಡು ನಡೆಯಬೇಕು. ಉಳಿದ 1,890 ವ್ಯಾಟ್ ಶಾಖವಾಗಿಯೇ ಹೋಗುತ್ತದೆ.

ಕೆಂಪಗೆ ಹೊಳೆಯುವ ಪ್ಲುಟೋನಿಯಂ ಬಿಲ್ಲೆಯ ಫೋಟೋ ಎಲ್ಲರೂ ನೋಡಿರುತ್ತಾರೆ. ಆ ಹೊಳಪು ವಿಕಿರಣದ್ದಲ್ಲ, ಬರೀ ಕಾವಿನದು. ಶಾಖ ಸೋರದಂತೆ ಗ್ರಾಫೈಟ್ ಹೊದಿಕೆ ಹೊದಿಸಿಟ್ಟು ತೆಗೆದಾಗ ಬಿಲ್ಲೆ ಹಾಗೆ ಕೆಂಪಾಗುತ್ತದೆ. "ಪ್ಲುಟೋನಿಯಂನ ತಾಪಮಾನ ಎಷ್ಟು?" ಎಂಬ ಪ್ರಶ್ನೆಗೆ ಹಾಗಾಗಿ ಉತ್ತರವಿಲ್ಲ. ವ್ಯಾಟ್ ಅದರ ಗುಣ, ಡಿಗ್ರಿ ಅದರ ಸುತ್ತಮುತ್ತಲಿನದು. 1 ವ್ಯಾಟ್‌ನ ಪುಟ್ಟ ಹೀಟರ್ ಅನ್ನು ಡಿಗ್ರಿಗೆ 0.01 ವ್ಯಾಟ್ ಮಾತ್ರ ಸೋರುವ ಪೆಟ್ಟಿಗೆಯಲ್ಲಿಟ್ಟರೆ ಒಳಗೂ ಹೊರಗೂ 100 ಡಿಗ್ರಿ ವ್ಯತ್ಯಾಸ ನಿಲ್ಲುತ್ತದೆ. ಅದೇ ಹೀಟರ್ ಡಿಗ್ರಿಗೆ 1 ವ್ಯಾಟ್ ಸೋರುವ ಪೆಟ್ಟಿಗೆಯಲ್ಲಿದ್ದರೆ ಇದ್ದೂ ಇಲ್ಲದಂತೆ. ನಾಸಾದ ಇಂಥ 1 ವ್ಯಾಟ್ ಹೀಟರ್‌ನಲ್ಲಿ 2.7 ಗ್ರಾಂ ಇಂಧನವಿರುತ್ತದೆ, ಕವಚವೆಲ್ಲ ಸೇರಿ ತೂಕ 40 ಗ್ರಾಂ. ನಮ್ಮ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲೂ ತಲಾ 1 ವ್ಯಾಟ್‌ನ ಎರಡು ರೇಡಿಯೋಐಸೋಟೋಪ್ ಹೀಟರ್‌ಗಳಿದ್ದವು. ವಿಕ್ರಮ್ ಲ್ಯಾಂಡರ್‌ನಲ್ಲಿ ಇರಲಿಲ್ಲ. 2023ರ ಸೆಪ್ಟೆಂಬರ್ 4ರಂದು ಮಲಗಿಸಿದ ಲ್ಯಾಂಡರ್, ಚಂದ್ರನ ಇರುಳು ಕಳೆದ ಮೇಲೆ ಏಳಲಿಲ್ಲ.

ಅರ್ಧಾಯು ಎಂದರೆ 87 ವರ್ಷ ಪೂರ್ತಿ ಕಾವು ಕೊಟ್ಟು ಆಮೇಲೆ ಅರ್ಧಕ್ಕಿಳಿಯುತ್ತದೆ ಎಂದು ತಿಳಿದವರಿದ್ದಾರೆ. ಇಳಿಕೆ ಮೊದಲ ದಿನದಿಂದಲೇ ಶುರು, ವರ್ಷಕ್ಕೆ ಶೇ. 0.79ರಂತೆ. ಹತ್ತು ವರ್ಷಕ್ಕೆ ಉಳಿಯುವುದು ಶೇ. 92, ಇಪ್ಪತ್ತಕ್ಕೆ ಶೇ. 85. ಗಡಿಯಾರ ಓಡುವುದು ಇಂಧನ ತಯಾರಾದ ದಿನದಿಂದ, ಉಡಾವಣೆಯ ದಿನದಿಂದಲ್ಲ. ಆದ್ದರಿಂದ ನಮ್ಮ ಲೆಕ್ಕದ ಹಾಳೆಯಲ್ಲಿ ವ್ಯಾಟ್ ಪಕ್ಕ ದಿನಾಂಕ ಬರೆಯದ ಸಾಲನ್ನು ನಾನು ಒಪ್ಪುವುದಿಲ್ಲ. ಜೊತೆಗೆ ಥರ್ಮೊಕಪಲ್‌ಗಳ ಸವಕಳಿಯೂ ಇದೆ. 1977ರಲ್ಲಿ ಹೊರಟ ವಾಯೇಜರ್‌ಗಳಲ್ಲಿ ಆಗ ತಲಾ 470 ವ್ಯಾಟ್ ವಿದ್ಯುತ್ ಇತ್ತು. 2024ರ ಹೊತ್ತಿಗೆ ಶಾಖ ಶೇ. 69ಕ್ಕೆ ಇಳಿದಿತ್ತು, ವಿದ್ಯುತ್ ಅದಕ್ಕಿಂತಲೂ ಕೆಳಗೆ ಹೋಗಿತ್ತು. ವರ್ಷಕ್ಕೆ ಸುಮಾರು 4 ವ್ಯಾಟ್ ಕಳೆದುಕೊಳ್ಳುತ್ತಿರುವುದರಿಂದಲೇ ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ವಾಯೇಜರ್-2ರ ಪ್ಲಾಸ್ಮಾ ಉಪಕರಣವನ್ನು 2024ರಲ್ಲಿ ಆರಿಸಿದರು.

ಹಾಗಾದರೆ ಅರ್ಧಾಯು ಹೆಚ್ಚಿರುವ ಪ್ಲುಟೋನಿಯಂ-239 ಹಾಕಬಹುದಲ್ಲ? ಅದರ ಅರ್ಧಾಯು 24,110 ವರ್ಷ, ಶಾಖ ಗ್ರಾಂಗೆ 0.002 ವ್ಯಾಟ್‌ಗೂ ಕಡಿಮೆ. ಆಯುಸ್ಸು ಉದ್ದವಾದಷ್ಟೂ ಕಾವು ತೆಳು. ಇನ್ನೊಂದು ತುದಿಯಲ್ಲಿ ಪೊಲೋನಿಯಂ-210 ಇದೆ: ಗ್ರಾಂಗೆ 140 ವ್ಯಾಟ್, ಆದರೆ 138 ದಿನಕ್ಕೆ ಅರ್ಧ. ಸೋವಿಯತ್‌ನ ಲುನೋಖೋದ್ ಗಾಡಿಗಳನ್ನು ಚಂದ್ರನ ಇರುಳಿನಲ್ಲಿ ಬೆಚ್ಚಗಿಟ್ಟದ್ದು ಅದೇ. ಪ್ಲುಟೋನಿಯಂ ಎಂದೊಡನೆ ಬಾಂಬು ನೆನಪಾಗುತ್ತದೆ, ಆದರೆ ಬಾಂಬಿಗೆ ಬಳಸುವುದು 239. ಇಲ್ಲಿ ಶಾಖ ಬರುವುದು ಸರಪಳಿ ಕ್ರಿಯೆಯಿಂದಲ್ಲ, ಆದ್ದರಿಂದ ಇದು ರಿಯಾಕ್ಟರ್ ಅಲ್ಲ. 1978ರಲ್ಲಿ ಕೆನಡಾದ ಮೇಲೆ ಬಿದ್ದ ಕಾಸ್ಮೋಸ್-954ರಲ್ಲಿ ಇದ್ದದ್ದು ಯುರೇನಿಯಂ ರಿಯಾಕ್ಟರ್. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಹೀಲಿಯಂ ವಿಷಯ ಬಹಳ ಜನ ಮರೆಯುತ್ತಾರೆ. ನಿಂತ ಆಲ್ಫಾ ಕಣ ಎರಡು ಎಲೆಕ್ಟ್ರಾನ್ ಹಿಡಿದು ಹೀಲಿಯಂ ಪರಮಾಣು ಆಗುತ್ತದೆ. 1 ಗ್ರಾಂ ಪ್ಲುಟೋನಿಯಂ-238 ವರ್ಷಕ್ಕೆ ಸುಮಾರು 0.74 ಘನ ಸೆಂಟಿಮೀಟರ್ ಅನಿಲ ಹುಟ್ಟಿಸುತ್ತದೆ. 2,000 ವ್ಯಾಟ್‌ಗೆ ಬೇಕಾಗುವ ಮೂರೂವರೆ ಕಿಲೋ ಲೆಕ್ಕಕ್ಕೆ ವರ್ಷಕ್ಕೆ ಎರಡೂವರೆ ಲೀಟರಿಗೂ ಹೆಚ್ಚು. ಬಿಗಿಯಾಗಿ ಮುಚ್ಚಿದರೆ ಒತ್ತಡ ಏರುತ್ತಾ ಹೋಗುತ್ತದೆ. ಹಾಗಾಗಿ ಬಿಲ್ಲೆಯ ಇರಿಡಿಯಂ ಕವಚದಲ್ಲಿ, ಅನಿಲವನ್ನು ಬಿಟ್ಟು ಇಂಧನದ ಪುಡಿಯನ್ನು ತಡೆಯುವ ಸಣ್ಣ ಕಿಂಡಿ ಇರುತ್ತದೆ. ಹೀಲಿಯಂ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಅದು ಥರ್ಮೊಕಪಲ್‌ಗಳ ನಡುವೆ ಸೇರಿದರೆ ಶಾಖ ಅಡ್ಡದಾರಿಯಲ್ಲಿ ಸೋರಿ ವಿದ್ಯುತ್ ಕಡಿಮೆಯಾಗುತ್ತದೆ. ಕ್ಯೂರಿಯಾಸಿಟಿಯ ಜನರೇಟರ್‌ನಲ್ಲಿ ಥರ್ಮೊಕಪಲ್‌ಗಳ ಕೋಣೆಯನ್ನು ಬೇರೆಯಾಗಿ ಮುಚ್ಚಿ ಆರ್ಗಾನ್ ತುಂಬಿದ್ದು ಈ ಕಾರಣಕ್ಕೆ.

ಸುರಕ್ಷತೆಯ ಮಾತಿನಲ್ಲಿ ಎರಡು ಅತಿಗಳಿವೆ. "ಆಲ್ಫಾ ತಾನೇ, ಕಾಗದ ಸಾಕು" ಎನ್ನುವವರು ಒಂದು ಕಡೆ, "ಒಂದು ಕಣ ಗಾಳಿಗೆ ಹೋದರೆ ಊರೇ ನಾಶ" ಎನ್ನುವವರು ಇನ್ನೊಂದು ಕಡೆ. ಚರ್ಮದ ಹೊರಗೆ ಆಲ್ಫಾ ನಿರುಪದ್ರವಿ ಎನ್ನುವುದು ನಿಜ. ಆದರೆ ಸಣ್ಣ ಧೂಳಾಗಿ ಶ್ವಾಸಕೋಶ ಸೇರಿದರೆ ಅಲ್ಲೇ ಕೂತು ಸುಡುತ್ತಿರುತ್ತದೆ. ಇದಲ್ಲದೆ ಆಲ್ಫಾ ಕಣಗಳು ಆಮ್ಲಜನಕ-18ಕ್ಕೆ ಬಡಿದಾಗ ನ್ಯೂಟ್ರಾನ್ ಹೊರಬೀಳುತ್ತವೆ. ಅದಕ್ಕಾಗಿ ಇಂಧನದಲ್ಲಿರುವ ಆಮ್ಲಜನಕವನ್ನು ಆದಷ್ಟೂ ಆಮ್ಲಜನಕ-16ಕ್ಕೆ ಬದಲಿಸುತ್ತಾರೆ. ಪ್ಲುಟೋನಿಯಂ-236ರ ಕಲಬೆರಕೆಯನ್ನು ಹತ್ತು ಲಕ್ಷಕ್ಕೆ ಕೆಲವೇ ಪಾಲಿಗೆ ಮಿತಿಗೊಳಿಸುತ್ತಾರೆ, ಏಕೆಂದರೆ ಅದರ ಸಂತತಿಯಲ್ಲಿ ಬರುವ ಥ್ಯಾಲಿಯಂ-208 ತೀಕ್ಷ್ಣವಾದ ಗಾಮಾ ಕಿರಣ ಬಿಡುತ್ತದೆ.

ವಿನ್ಯಾಸ ಬದಲಾದದ್ದು ಅಪಘಾತದಿಂದ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಟ್ರಾನ್ಸಿಟ್ ಉಪಗ್ರಹ ಕಕ್ಷೆ ಸೇರಲಿಲ್ಲ. ಮೇಲೆಯೇ ಉರಿದು ಚದುರುವಂತೆ ಮಾಡಿದ್ದ ಅದರ ಶಾಖಮೂಲ ಹಾಗೆಯೇ ಉರಿಯಿತು, ಸುಮಾರು 1 ಕಿಲೋ ಪ್ಲುಟೋನಿಯಂ-238 ವಾತಾವರಣಕ್ಕೆ ಸೇರಿತು. ಆಮೇಲೆ ನಿಯಮವೇ ತಿರುಗಿತು: ಏನೇ ಆದರೂ ಒಡೆಯದೆ ಕೆಳಗೆ ಬರಬೇಕು. 1968ರಲ್ಲಿ ನಿಂಬಸ್ ಉಪಗ್ರಹ ಹೊತ್ತ ರಾಕೆಟ್ ಕ್ಯಾಲಿಫೋರ್ನಿಯಾದ ಬಳಿ ವಿಫಲವಾದಾಗ ಸಮುದ್ರದ ತಳದಿಂದ ಮೂಲವನ್ನು ಹಾಗೇ ಎತ್ತಿ, ಅದೇ ಇಂಧನವನ್ನು ಮುಂದಿನ ಉಪಗ್ರಹಕ್ಕೆ ಬಳಸಿದರು.

ಎಲ್ಲ ಶಾಖಮೂಲವೂ ಪ್ಲುಟೋನಿಯಂನಂತೆ ಎಂದುಕೊಳ್ಳುವುದು ಪ್ರಾಣಕ್ಕೆ ಎರವಾಗಬಹುದು. 2001ರ ಡಿಸೆಂಬರ್‌ನಲ್ಲಿ ಜಾರ್ಜಿಯಾ ದೇಶದ ಲಿಯಾ ಹಳ್ಳಿಯ ಹತ್ತಿರ ಸೌದೆಗೆ ಹೋದ ಮೂವರಿಗೆ ಕಾಡಿನಲ್ಲಿ ಎರಡು ಲೋಹದ ಉರುಳೆಗಳು ಸಿಕ್ಕವು. ಸುತ್ತ ಹಿಮ ಕರಗಿ ನೆಲ ಕಾಣುತ್ತಿತ್ತು, ಆವಿ ಏಳುತ್ತಿತ್ತು. ಚಳಿಗೆ ಒಳ್ಳೆಯದಾಯಿತೆಂದು ರಾತ್ರಿಯಿಡೀ ಬೆನ್ನಿಗೆ ಹತ್ತಿರವಿಟ್ಟುಕೊಂಡರು. ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಯಿತು, ಆಮೇಲೆ ಬೆನ್ನು ಹುಣ್ಣಾಯಿತು. ಒಬ್ಬರು 2004ರಲ್ಲಿ ತೀರಿಕೊಂಡರು. ಅವು ಸೋವಿಯತ್ ಕಾಲದ ಜನರೇಟರ್‌ಗಳ ಸ್ಟ್ರಾಂಷಿಯಂ-90 ಮೂಲಗಳು, ರಕ್ಷಾಕವಚ ಕಳಚಿ ಬತ್ತಲಾಗಿದ್ದವು. ಸ್ಟ್ರಾಂಷಿಯಂ ಬಿಡುವ ಬೀಟಾ ಕಣಗಳು ಲೋಹದಲ್ಲಿ ನಿಲ್ಲುವಾಗ ಎಕ್ಸ್-ಕಿರಣ ಹುಟ್ಟುತ್ತದೆ, ಅದು ಉರುಳೆಯ ಗೋಡೆ ದಾಟಿ ಬರುತ್ತದೆ. ಬೆಂಕಿಯೂ ಬಿಸಿಲೂ ಕರೆಂಟೂ ಇಲ್ಲದ ಕಡೆ ತಾನಾಗಿ ಬಿಸಿಯಾಗಿರುವ ಲೋಹ ಕಂಡರೆ ಮುಟ್ಟಬಾರದು. ದೂರ ಸರಿದು, ಜನರನ್ನು ತಡೆದು, ಪೊಲೀಸರಿಗೆ ತಿಳಿಸಬೇಕು.

ಕೊನೆಗೆ ಹಿಮಾಲಯದ ನಂದಾದೇವಿ ಶಿಖರದ ಮಾತು. 1965ರಲ್ಲಿ ಅಮೆರಿಕ–ಭಾರತದ ಗುಪ್ತಚರ ತಂಡ ಅಲ್ಲಿಗೆ ಒಯ್ದಿದ್ದ ಪ್ಲುಟೋನಿಯಂ ಜನರೇಟರ್ ಕಳೆದುಹೋಯಿತು, ಇಂದಿಗೂ ಸಿಕ್ಕಿಲ್ಲ. 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಪ್ರವಾಹ ಬಂದಾಗ, ಅದರ ಕಾವಿಗೇ ಹಿಮ ಕರಗಿತೆಂಬ ಅನುಮಾನ ರೈಣಿ ಹಳ್ಳಿಯವರನ್ನು ಕಾಡಿತು. ಆ ಭಯ ಸಹಜ, ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಧಾರಾಳವಾಗಿ 1,000 ವ್ಯಾಟ್ ಎಂದೇ ಹಿಡಿಯೋಣ, ಕ್ಷಯವನ್ನೂ ಬಿಡೋಣ. 1 ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಬೇಕು. ಆಗ ದಿನಕ್ಕೆ ಸುಮಾರು 259 ಕಿಲೋ, ವರ್ಷಕ್ಕೆ 94 ಟನ್ ಕರಗೀತು. ಅಂದು ರೋಂತಿ ಶಿಖರದಿಂದ ಕುಸಿದದ್ದು ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಹಿಮ. ಅದರಲ್ಲಿ ಐದನೇ ಒಂದು ಪಾಲು ಮಾತ್ರ ಹಿಮ ಎಂದರೂ 50 ಲಕ್ಷ ಟನ್ ಹತ್ತಿರ. ಆ ಸಾಧನದ ಕಾವಿಗೆ ಅಷ್ಟು ಕರಗಬೇಕಾದರೆ 50,000 ವರ್ಷ ಹಿಡಿಯುತ್ತದೆ.

ಆದರೆ ಕವಚ ಒಡೆದು ಪ್ಲುಟೋನಿಯಂ ನೀರಿಗೆ ಸೇರಬಹುದೇ ಎಂಬ ಹಳ್ಳಿಗರ ಇನ್ನೊಂದು ಪ್ರಶ್ನೆ ಈ ಲೆಕ್ಕದಿಂದ ತೀರುವುದಿಲ್ಲ. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಈ ವಿಷಯವನ್ನು ಸಂಸತ್ತಿನಲ್ಲಿ ಒಪ್ಪಿಕೊಂಡು ವಿಜ್ಞಾನಿಗಳ ಸಮಿತಿ ನೇಮಿಸಿದ್ದರು. ಸೋರಿಕೆಯನ್ನು ಕಂಡುಹಿಡಿಯುವ ವಿಧಾನ ಬೇರೆ: ಕೆಳಗಿನ ನದಿಗಳ ನೀರು ಮತ್ತು ಹೂಳಿನ ಮಾದರಿ ತೆಗೆದು, ರಾಸಾಯನಿಕವಾಗಿ ಪ್ಲುಟೋನಿಯಂ ಬೇರ್ಪಡಿಸಿ, ಆಲ್ಫಾ ಕಣಗಳ ಶಕ್ತಿ ಅಳೆಯುವ ಸ್ಪೆಕ್ಟ್ರೋಮೀಟರ್‌ನಲ್ಲಿ 5.5 ಮೆಗಾ ಎಲೆಕ್ಟ್ರಾನ್ ವೋಲ್ಟ್ ಬಳಿ 238ರ ಶಿಖರವನ್ನೂ (ನಕ್ಷೆಯಲ್ಲಿ ಎದ್ದು ಕಾಣುವ ಏರು) 5.15ರ ಬಳಿ 239ರ ಶಿಖರವನ್ನೂ ಎಣಿಸಬೇಕು. ಹಳೆಯ ಬಾಂಬ್ ಪರೀಕ್ಷೆಗಳ ಬೂದಿಯಲ್ಲಿ 239 ಹೆಚ್ಚು, 238 ಅತ್ಯಲ್ಪ. ಈ ಎರಡರ ಅನುಪಾತ 238ರ ಕಡೆ ವಾಲಿದರೆ ಶಾಖಮೂಲ ಸೋರಿದೆ ಎಂದು ಅರ್ಥ.