‘ಯಾವ ಸಣ್ಣ ನಾಯಿ ಒಳ್ಳೆಯದು?’ ಅಂತ ಕೇಳುವವರಿಗೆ

“ಅಕ್ಕಾ, ಮನೆಗೆ ಒಂದು ಸಣ್ಣ ಜಾತಿಯ ನಾಯಿ ತರುವ ಅಂತ ಇದ್ದೇವೆ. ಯಾವುದು ಒಳ್ಳೆಯದು?”

ಈ ಪ್ರಶ್ನೆ ನನಗೆ ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಬಸ್ಸು ಕಾಯುವಾಗ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಬರುತ್ತದೆ, ಜೊತೆಗೆ ಯಾವುದೋ ಮರಿಯ ಫೋಟೋ. ನಮ್ಮ ಮನೆಯಲ್ಲಿ 11 ವರ್ಷದಿಂದ ಒಂದು ಡ್ಯಾಶ್ ನಾಯಿ ಇದೆ, ಗಿಡ್ಡ ಕಾಲು ಉದ್ದ ಬೆನ್ನಿನ ಡ್ಯಾಶ್‌ಹುಂಡ್ ಜಾತಿ, ಹೆಸರು ಕೆಂಪಿ. ಅದಕ್ಕೇ ನನ್ನನ್ನು ಕೇಳುತ್ತಾರೆ. ಮೊದಮೊದಲು ಕೂತು ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಬರೆದಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರುವುದು ಅದರ ಬಾಲಕ್ಕೆ. ಸುಮ್ನೆ ಬೊಗಳಬಾರದು, ಕಳ್ಳ ಬಂದರೆ ಮಾತ್ರ ಬೊಗಳಬೇಕು. ರೋಮ ಉದುರಬಾರದು. ಮಕ್ಕಳು ಏನು ಮಾಡಿದರೂ ಕಚ್ಚಬಾರದು. ಎರಡು ದಿನ ಮನೆಗೆ ಬೀಗ ಹಾಕಿ ಹೋದರೆ ತನ್ನಷ್ಟಕ್ಕೆ ಇರಬೇಕು. ಅಂಥ ನಾಯಿ ಇಲ್ಲ. ಇದ್ದಿದ್ದರೆ ಎಲ್ಲರಿಗೂ ಗೊತ್ತಿರುತ್ತಿತ್ತು, ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ನಾಯಿ ಸಣ್ಣದಾದರೆ ಕೆಲಸವೂ ಸಣ್ಣದು ಅಂತ ಜನ ತಿಳಿದುಕೊಂಡಿದ್ದಾರೆ. ಅನ್ನ ಸ್ವಲ್ಪ ಕಡಿಮೆ ಸಾಕು, ಅಷ್ಟೇ. ಹುಚ್ಚುನಾಯಿ ರೋಗದ ಚುಚ್ಚುಮದ್ದು 9 ಕಿಲೋದ ನಾಯಿಗೂ ಬೇಕು, 40 ಕಿಲೋದ ನಾಯಿಗೂ ಬೇಕು. ಮರಿಗೆ ಮೂರು ತಿಂಗಳಾದಾಗ ಒಮ್ಮೆ, ಆಮೇಲೆ ವರ್ಷ ವರ್ಷವೂ. ಅದರ ಸರ್ಟಿಫಿಕೇಟ್ ತೋರಿಸಿ ಪಂಚಾಯತಿನಿಂದ ಲೈಸೆನ್ಸ್ ಮಾಡಿಸಬೇಕು. ಕೇರಳದಲ್ಲಿ 1998ರಿಂದಲೇ ಅದಕ್ಕೆ ನಿಯಮ ಇದೆ. “ಇಷ್ಟು ಸಣ್ಣ ನಾಯಿಗೂ ಲೈಸೆನ್ಸಾ?” ಅಂತ ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ.

ಈಗ ನಾನು ಹೇಳಬೇಕಾದದ್ದು ಹೋದ ಎಪ್ರಿಲ್‌ನ ವಿಷಯ.

ನೀರ್ಚಾಲಿನಲ್ಲಿ ಒಂದು ಉಪನಯನ ಇತ್ತು. ಬೆಂಗಳೂರಿನಲ್ಲಿರುವ ನನ್ನ ದೊಡ್ಡಮ್ಮನ ಮಗ, ಅಣ್ಣ, ಹೆಂಡತಿ ಮಗಳ ಜೊತೆ ಹಿಂದಿನ ದಿನವೇ ನಮ್ಮ ಮನೆಗೆ ಬಂದ. ಕಾರಿನಿಂದ ಇಳಿಯುವಾಗಲೇ ಪ್ರಶ್ನೆ ಸಿದ್ಧ ಇತ್ತು. “ಮಗಳದ್ದು ನಾಯಿ ಬೇಕು ಅಂತ ಒಂದೇ ಹಟ. ಯಾವ ಸಣ್ಣ ನಾಯಿ ಆಗಬಹುದು ಹೇಳು.” ನಾನು ಉತ್ತರ ಕೊಡುವ ಮೊದಲೇ ಕೆಂಪಿಯನ್ನು ನೋಡಿದ. “ಇದೇ ಸಾಕಲ್ಲ! ಕಾಲೇ ಇಲ್ಲ, ಓಡಾಟವೂ ಬೇಡ. ಫ್ಲ್ಯಾಟಿಗೆ ಹೇಳಿ ಮಾಡಿಸಿದ ಹಾಗಿದೆ” ಅಂದ. ಹೇಳುತ್ತಾ ಹೇಳುತ್ತಾ ಬಗ್ಗಿ ಅವಳ ಮುಂದಿನ ಎರಡು ಕಾಲು ಹಿಡಿದು ಎತ್ತಿಯೇ ಬಿಟ್ಟ. ಬೆನ್ನು, ಸೊಂಟ, ಹಿಂಗಾಲು ಎಲ್ಲ ಕೆಳಗೆ ಜೋತಾಡುತ್ತಿತ್ತು.

ನಾನು ಕಿರುಚಿದೆ. ಕೈಯಲ್ಲಿದ್ದ ಮಜ್ಜಿಗೆ ಚೊಂಬು ಜಗಲಿಯಿಂದ ಅಂಗಳಕ್ಕೆ ಉರುಳಿತು. ಅಣ್ಣ ಗಾಬರಿಯಾಗಿ ಕೆಂಪಿಯನ್ನು ಕೆಳಗಿಟ್ಟ. ಮುಖ ಕೆಂಪಾಯಿತು. “ಒಂದು ನಾಯಿಗೆ ಇಷ್ಟೆಲ್ಲಾ ಮಾಡಬೇಕಾ?” ಅಂತ ಕೇಳಿ ಒಳಗೆ ಹೋದ. ರಾತ್ರಿ ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಅಣ್ಣನ ಮೇಲೆ ಕೂಗಾಡಿದೆ ಅಂತ ಅಮ್ಮ ನನಗೇ ಬೈದಳು. ಬೈಸಿಕೊಂಡೆ. ಆದರೆ ನಾನು ಕಿರುಚಿದ್ದು ಸರಿಯೇ. ನಾಳೆ ಇನ್ನೊಬ್ಬರು ಹಾಗೆ ಎತ್ತಿದರೆ ನಾಳೆಯೂ ಕಿರುಚುತ್ತೇನೆ.

ಯಾಕೆ ಅಂತ ಹೇಳುತ್ತೇನೆ.

ಕೆಂಪಿಗೆ ಆರು ವರ್ಷ ಆಗಿದ್ದಾಗ, ಜೋರು ಮಳೆಯ ಆಟಿ ತಿಂಗಳ ಒಂದು ಸಂಜೆ, ಹೆಗ್ಗಣವನ್ನು ಕಂಡು ಜಗಲಿಯಿಂದ ಅಂಗಳಕ್ಕೆ ಹಾರಿದಳು. ನಮ್ಮದು ಹಳೇ ಮನೆ, ಜಗಲಿಗೆ ಐದು ಮೆಟ್ಟಿಲು. ದಿನಕ್ಕೆ ಹತ್ತು ಸಲ ಹಾಗೆ ಹಾರುತ್ತಿದ್ದಳು. ನಮಗೆ ಅದು ಚಂದ ಕಾಣುತ್ತಿತ್ತು, ಮಕ್ಕಳು ವಿಡಿಯೋ ಮಾಡುತ್ತಿದ್ದರು. ಮರುದಿನ ಬೆಳಿಗ್ಗೆ ಮಲಗಿದಲ್ಲಿಂದ ಏಳಲಿಲ್ಲ. ಕರೆದರೆ ಮುಂಗಾಲಿನಲ್ಲಿ ತೆವಳಿಕೊಂಡು ಬಂದಳು. ಹಿಂಗಾಲು ಎರಡೂ ಒದ್ದೆ ಬಟ್ಟೆಯ ಹಾಗೆ ನೆಲದಲ್ಲಿ ಎಳೆಯುತ್ತಿದ್ದವು. ಆ ಮಳೆಯಲ್ಲೇ ಮಂಗಳೂರಿಗೆ ಕರೆದುಕೊಂಡು ಹೋದೆವು.

ಡಾಕ್ಟರು ಅವಳ ಹಿಂಗಾಲಿನ ಬೆರಳನ್ನು ಇಕ್ಕಳದಲ್ಲಿ ಒತ್ತಿದರು. ಅವಳು ತಿರುಗಿ ನೋಡಿ ಕುಂಯ್ ಅಂದಳು. “ನೋವು ಗೊತ್ತಾಗುತ್ತಿದೆ, ಆಸೆ ಇದೆ” ಅಂದರು. ಆ ‘ಕುಂಯ್’ ಕೇಳಿ ನಾನು ಅಲ್ಲೇ ಬೆಂಚಿನಲ್ಲಿ ಕೂತು ಅತ್ತೆ.

ಈ ಜಾತಿಯ ಕಾಲು ಗಿಡ್ಡ ಆಗಿರುವುದೇ ಎಲುಬಿನ ಬೆಳವಣಿಗೆಯ ಒಂದು ದೋಷದಿಂದ. ಯಾವ ಜೀನ್ ಅದಕ್ಕೆ ಕಾರಣ ಅಂತ 2009ರಲ್ಲಿ ವಿಜ್ಞಾನಿಗಳು ಗುರುತಿಸಿದ್ದಾರೆ. ಇಂಥ ನಾಯಿಗಳಲ್ಲಿ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಸಣ್ಣ ಪ್ರಾಯದಲ್ಲೇ ಗಟ್ಟಿಯಾಗುತ್ತದೆ. ಕೆಲವಕ್ಕೆ ಒಂದು ದಿನ ಅದು ಒಡೆದು ನರವನ್ನು ಒತ್ತುತ್ತದೆ. ಡ್ಯಾಶ್ ನಾಯಿಗಳಲ್ಲಿ ನಾಲ್ಕೈದಕ್ಕೆ ಒಂದಕ್ಕೆ ಜೀವನದಲ್ಲಿ ಯಾವಾಗಾದರೂ ಇದು ಬರುತ್ತದೆ. ಹೆಚ್ಚಾಗಿ ಮೂರರಿಂದ ಏಳು ವರ್ಷದ ಒಳಗೆ.

ಆರು ವಾರ ಅವಳನ್ನು ಅಲ್ಲಾಡದ ಹಾಗೆ ಇಡಬೇಕಿತ್ತು. ಚಾವಡಿಯ ಮೂಲೆಯಲ್ಲಿ ಅಡಿಕೆ ಸಲಾಕೆಯಿಂದ ಒಂದು ಗೂಡು ಕಟ್ಟಿದೆವು, ಅವಳು ಮಲಗಿ ಮಗ್ಗುಲು ಬದಲಿಸುವಷ್ಟೇ ಜಾಗ. ಉಚ್ಚೆಗೆ ಕರೆದುಕೊಂಡು ಹೋಗುವಾಗ ಹೊಟ್ಟೆಯ ಅಡಿಗೆ ನನ್ನ ಹಳೇ ಶಾಲು ಹಾಕಿ, ಎರಡು ತುದಿ ಮೇಲಕ್ಕೆ ಹಿಡಿದು ನಡೆಸಬೇಕು. ಹೊರಗೆ ಧೋ ಅಂತ ಮಳೆ. ನಾನು ಬಗ್ಗಿ ಶಾಲು ಹಿಡಿದರೆ ಮನೆಯವರು ನಮ್ಮಿಬ್ಬರಿಗೂ ಕೊಡೆ ಹಿಡಿಯುತ್ತಿದ್ದರು. ನಾಲ್ಕನೇ ವಾರ ಎಡಗಾಲನ್ನು ಊರಿದಳು. ಬಲಗಾಲು ಇವತ್ತಿಗೂ ನಡೆಯುವಾಗ ಸ್ವಲ್ಪ ಅಡ್ಡ ಹೋಗುತ್ತದೆ. ಮೆಟ್ಟಿಲಿನ ಪಕ್ಕದಲ್ಲಿ ಹಲಗೆಯ ಜಾರುದಾರಿ ಮಾಡಿ, ಕಾಲು ಜಾರದ ಹಾಗೆ ಗೋಣಿ ಹೊಡೆದಿದ್ದೇವೆ. ಬಂದವರೆಲ್ಲ ಅದಕ್ಕೆ ಎಡವುತ್ತಾರೆ. ತೆಗೆಯುವುದಿಲ್ಲ.

ಇನ್ನು ‘ಓಡಾಟ ಬೇಡ’ ಅನ್ನುವ ಮಾತು. ಡ್ಯಾಶ್‌ಹುಂಡ್ ಅನ್ನುವುದು ಜರ್ಮನ್ ಹೆಸರು. ಬ್ಯಾಜರ್ ಅಂತ ಬಿಲ ತೋಡುವ ಒಂದು ಪ್ರಾಣಿ ಇದೆ, ಅದನ್ನು ಬಿಲಕ್ಕೇ ನುಗ್ಗಿ ಹಿಡಿಯಲು ಬೆಳೆಸಿದ ನಾಯಿ ಇದು. ಆ ಕಾಲು, ಆ ಉದ್ದ ಬೆನ್ನು, ಆ ಗಟ್ಟಿ ಸ್ವರ ಎಲ್ಲ ಅದಕ್ಕೇ. ನಮ್ಮ ಕಾಸರಗೋಡಿನಲ್ಲಿ ಬ್ಯಾಜರ್ ಇಲ್ಲ, ಆದರೆ ಸುರಂಗ ಇದೆ. ಗುಡ್ಡದ ಕೆಂಪುಕಲ್ಲು ಕೊರೆದು, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ, ನೀರಿಗಾಗಿ ಹಿರಿಯರು ತೋಡಿದ್ದು. ಎರಡನೇ ವರ್ಷ ಕೆಂಪಿ ನಮ್ಮ ಸುರಂಗಕ್ಕೆ ನುಗ್ಗಿದಳು. ಒಳಗಿನಿಂದ ಬಾವಲಿಗಳು ಹೊರಗೆ ಬಂದವು, ಅವಳು ಬರಲಿಲ್ಲ. ಒಂದು ಗಂಟೆ ಅವಳ ಬೊಗಳುವಿಕೆ ಮಾತ್ರ ಕೇಳುತ್ತಿತ್ತು. ತೋಟದ ಕೆಲಸದವರು ತುಳುವಿನಲ್ಲಿ “ಬಲ ಬಲ” ಅಂತ ಕರೆದರು, ನಾನು “ಬಾ” ಅಂದೆ. ಕೊನೆಗೆ ಬಂದಳು, ಕಿವಿವರೆಗೂ ಕೆಸರು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಆಮೇಲೆ ನೋಡಿದ್ದು ಕಡಿಮೆ. ಇಂಥ ಜೀವವನ್ನು ಕಾಲಿಲ್ಲ ಅಂತ ಸೋಫಾದ ಮೇಲೆ ಕೂರಿಸುವುದಾ?

ಬೇರೆ ಜಾತಿಗಳ ಬಗ್ಗೆಯೂ ಕೇಳುತ್ತೀರಿ, ಹೇಳುತ್ತೇನೆ. ಪಗ್ ಬೇಡ. ಮೊಬೈಲ್ ಜಾಹೀರಾತಿನಲ್ಲಿ ಬಂದ ಮೇಲೆ ಎಲ್ಲರಿಗೂ ಅದು ಬೇಕಾಯಿತು. ನಾಯಿ ಸೆಕೆ ಕಳೆಯುವುದು ಏದುಸಿರು ಬಿಟ್ಟು. ಮೂಗೇ ಚಪ್ಪಟೆ ಆದರೆ ಆ ಗಾಳಿ ಎಲ್ಲಿಂದ ಹೋಗಬೇಕು? ನಮ್ಮ ಎಪ್ರಿಲ್ ಮೇ ತಿಂಗಳ ಬೆವರುವ ಸೆಕೆಯಲ್ಲಿ ಮಧ್ಯಾಹ್ನ ಅದು ಎಳೆಯುವ ಉಸಿರಿನ ಸದ್ದು ಕೇಳಿದರೆ ನನಗೆ ಕುಳಿತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಜನ ಅದನ್ನು ‘ಗೊರಕೆ, ಎಷ್ಟು ಮುದ್ದು’ ಅನ್ನುತ್ತಾರೆ. ಶಿಟ್ಜೂಗೂ ಮೂಗು ಗಿಡ್ಡ, ಮೇಲಿಂದ ದಿನಾ ಬಾಚಬೇಕಾದ ಕೂದಲು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಆ ಕೂದಲು ಒಣಗುವುದು ಯಾವಾಗ? ಪೊಮೆರೇನಿಯನ್ ಅಂತ ನಮ್ಮೂರಲ್ಲಿ ಕರೆಯುವುದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಅದು ಇಲ್ಲಿನ ಹವೆಗೆ ಹೊಂದಿಕೊಂಡ ಚುರುಕು ನಾಯಿ, ಬೊಗಳುವುದು ಖಂಡಿತ. ಅದನ್ನು ತಡೆದುಕೊಳ್ಳುವವರಾದರೆ ತರಬಹುದು. ಊರ ನಾಯಿಯ ಮರಿಯೂ ಆಗಬಹುದು, ಅದೇನೂ ದೊಡ್ಡ ಗಾತ್ರ ಅಲ್ಲ. ಎಲ್ಲಿಂದ ತಂದರೂ ಎಂಟು ವಾರ ಆಗದ ಮರಿಯನ್ನು ತರಬೇಡಿ. ಅದಕ್ಕಿಂತ ಎಳೆಯದನ್ನು ಮಾರಬಾರದು ಅಂತ 2017ರ ಕೇಂದ್ರ ಸರಕಾರದ ನಿಯಮವೇ ಇದೆ.

ಇದಿಷ್ಟು ನೀವು ಕೇಳಿದ್ದಕ್ಕೆ. ಆದರೆ 11 ವರ್ಷದಲ್ಲಿ ನನ್ನನ್ನು ಯಾರೂ ಕೇಳದೇ ಇದ್ದ ಒಂದು ಪ್ರಶ್ನೆ ಇತ್ತು. ಕೇಳಿದ್ದು ಅಣ್ಣನ ಮಗಳು, ಎಂಟು ವರ್ಷದವಳು.

ಉಪನಯನದ ದಿನ ಬೆಳಿಗ್ಗೆ ಎಲ್ಲರೂ ಹೊರಡುವ ಗಡಿಬಿಡಿಯಲ್ಲಿದ್ದರು. ಅವಳು ರೇಷ್ಮೆ ಲಂಗ ಉಟ್ಟುಕೊಂಡು ನನ್ನ ಹತ್ತಿರ ಬಂದಳು. “ಅತ್ತೆ, ಅಪ್ಪ ಎತ್ತಿದ್ದು ತಪ್ಪಾದರೆ, ಸರಿಯಾಗಿ ಎತ್ತುವುದು ಹೇಗೆ?”

ನಾನು ಅಲ್ಲೇ ನೆಲದಲ್ಲಿ ಕೂತೆ. ಒಂದು ಕೈ ಎದೆಯ ಕೆಳಗೆ, ಮುಂಗಾಲುಗಳ ನಡುವೆ. ಇನ್ನೊಂದು ಕೈ ಹಿಂಭಾಗದ ಅಡಿಗೆ. ಎರಡೂ ಒಟ್ಟಿಗೆ ಮೇಲೆ ಬರಬೇಕು, ಬೆನ್ನು ನೆಲಕ್ಕೆ ಸಮ ಇರಬೇಕು, ತುಂಬಿದ ಪಾತ್ರೆ ಎತ್ತುವ ಹಾಗೆ. ಕೆಳಗಿಡುವಾಗ ನಾಲ್ಕೂ ಕಾಲು ಊರಿದ ಮೇಲೆಯೇ ಕೈ ಬಿಡಬೇಕು. ಅವಳು ಮೂರು ಸಲ ಮಾಡಿದಳು. ಮೂರನೇ ಸಲ ಕೆಂಪಿ ಅವಳ ತೋಳಿನ ಮೇಲೆ ಗದ್ದ ಇಟ್ಟಳು. ಲಂಗಕ್ಕೆ ರೋಮ ಅಂಟಿತು, ಅವಳು ಕೊಡವಲೂ ಇಲ್ಲ. ಬಾಗಿಲಲ್ಲಿ ನಿಂತು ಅಣ್ಣ ನೋಡುತ್ತಿದ್ದ. ಏನೂ ಹೇಳಲಿಲ್ಲ, ಆದರೆ ಹೊರಡುವಾಗ ಕಾರಿನಲ್ಲಿ ನನಗೆ ಮುಂದಿನ ಸೀಟು ಬಿಟ್ಟುಕೊಟ್ಟ.

ಅವರ ಮನೆಗೆ ಇನ್ನೂ ನಾಯಿ ಬಂದಿಲ್ಲ. ಹುಡುಗಿ ಆದಿತ್ಯವಾರ ಫೋನ್ ಮಾಡುತ್ತಾಳೆ. ಊಟ ಮಿಕ್ಕಿದ್ದು ಹಾಕಬಹುದಾ ಅಂತ ಕೇಳಿದಳು. ನೀರುಳ್ಳಿ ಬಿದ್ದ ಸಾಂಬಾರು ಬೇಡ, ಒಣದ್ರಾಕ್ಷಿ ಇರುವ ಪಾಯಸ ಬೇಡವೇ ಬೇಡ, ಎರಡೂ ನಾಯಿಗೆ ವಿಷ ಅಂದೆ. ಮಳೆಗಾಲದಲ್ಲಿ ಏನು ಹೆದರಿಕೆ ಅಂತ ಕೇಳಿದಳು. ಇಲಿ ಉಚ್ಚೆ ಬಿದ್ದ ನೀರು ಅಂದೆ. ಅದರಿಂದ ಬರುವ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ, ನಾಯಿಗಾದರೆ ಚುಚ್ಚುಮದ್ದು ಇದೆ. ಅಡಿಕೆ ತಿಂದರೆ ಏನಾಗುತ್ತದೆ ಅಂತಲೂ ಕೇಳಿದಳು! ಅಡಿಕೆಯಲ್ಲಿರುವ ಅರಿಕೋಲಿನ್ ಅನ್ನು ಹಿಂದೆ ನಾಯಿಯ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು, ಆದರೆ ಅದರಿಂದ ವಾಂತಿ ಭೇದಿ ಆಗುತ್ತದೆ, ಅಂಗಳದಲ್ಲಿ ಹರಡಿದ ಅಡಿಕೆಗೆ ಕೆಂಪಿ ಬಾಯಿ ಹಾಕದ ಹಾಗೆ ನಾವು ಕಾಯುತ್ತೇವೆ ಅಂದೆ.

ಹೋದ ವಾರದ ಪ್ರಶ್ನೆ: “ನಾಯಿಗೆ ನೋವಾದರೆ ಅದು ಹೇಳುವುದಿಲ್ಲವಲ್ಲ ಅತ್ತೆ, ಹೇಗೆ ಗೊತ್ತಾಗುತ್ತದೆ?”

ಕೆಂಪಿಯನ್ನು ನೋಡಿಕೊಂಡೇ ಹೇಳಿದೆ. ಕೂರದೆ ಸುಮ್ನೆ ನಿಂತೇ ಇರುತ್ತಾಳೆ. ಚಳಿ ಇಲ್ಲದಿದ್ದರೂ ಮೈ ನಡುಗುತ್ತದೆ. ಕರೆದರೆ ತಲೆ ತಿರುಗಿಸುವುದಿಲ್ಲ, ಕಣ್ಣು ಮಾತ್ರ ಹೊರಳಿಸುತ್ತಾಳೆ. ತಟ್ಟೆಯ ಹತ್ತಿರ ಬರುತ್ತಾಳೆ, ಮೂಸುತ್ತಾಳೆ, ತಿನ್ನದೆ ನಿಲ್ಲುತ್ತಾಳೆ. ಆಗ ಹಸಿವಿಲ್ಲ ಅಂತ ತಟ್ಟೆ ಎತ್ತಿಡಬೇಡ ಮಗಾ. ಅದನ್ನು ಎರಡು ಇಟ್ಟಿಗೆಯ ಮೇಲೆ, ಅವಳ ಬಾಯಿಯ ಎತ್ತರಕ್ಕೆ ಇಟ್ಟು ನೋಡು. ತಿಂದರೆ ಹಸಿವು ಇದೆ, ಕುತ್ತಿಗೆ ಬಗ್ಗಿಸಲು ನೋವಾಗುತ್ತಿದೆ ಅಂತ ಅರ್ಥ. ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.